ಕೊಲಂಬಸ್‌ನಲ್ಲಿರುವ ತಂಗಿಯ ಮಗಳಿಗೆ

ಚಿ. ಸೌ. ಮಾಲತಿಗೆ,

ದೊಡ್ಡಮ್ಮ ಮಾಡುವ ಅನೇಕ ಆಶೀರ್ವಾದಗಳು. ಮನೆಯ ಸುದ್ದಿಯನ್ನೆಲ್ಲ ನಿನ್ನ ಅಮ್ಮ ಫೋನಿನಲ್ಲಿ ಹೇಳಿಯೇ ಇರುತ್ತಾಳೆ. ಅದನ್ನೇ ಮತ್ತೆ ಬರೆದು ಹಾಳೆ ತುಂಬಿಸುವುದಿಲ್ಲ. ನಾನು ಬರೆಯಲು ಕುಳಿತದ್ದು ನಿನ್ನ ಕಾಗದದಲ್ಲಿ ಚಳಿಯ ವರ್ಣನೆಯ ನಡುವೆ ನೀನು ಹಗುರವಾಗಿ ಬರೆದುಬಿಟ್ಟ ಒಂದು ಮಾತಿಗಾಗಿ. ಕಸದ ಚೀಲ ಹಾಕಲು ಹಿಂಬಾಗಿಲಿನಿಂದ ಹೊರಗೆ ಹೋದಾಗ ಮೆಟ್ಟಿಲ ಮೇಲೆ ಕಟ್ಟಿದ್ದ ಮಂಜುಗಡ್ಡೆಗೆ ಕಾಲು ಜಾರಿ ಬಿದ್ದೆ, ಏಳಲಾಗದೆ ಸ್ವಲ್ಪ ಹೊತ್ತು ಹಾಗೇ ಬಿದ್ದಿದ್ದೆ, ಅಷ್ಟು ಹೊತ್ತಿನಲ್ಲಿ ಅತ್ತ ಒಂದು ನರಪಿಳ್ಳೆಯೂ ಸುಳಿಯಲಿಲ್ಲ ಎಂದು ಬರೆದಿದ್ದೀಯ. ಅದರ ಬೆನ್ನಿಗೇ, ಅಳಿಯಂದಿರು ಊರಲ್ಲಿಲ್ಲದ ಆ ವಾರ ನೀನು ಏಳದೇ ಹೋಗಿದ್ದರೆ ಯಾರಿಗೆ, ಯಾವಾಗ ಗೊತ್ತಾಗುತ್ತಿತ್ತೋ ಎಂದು ಕೇಳಿ, ಮುಂದಿನ ಸಾಲಿಗೇ ಅಪ್ಪೆಮಿಡಿ ಉಪ್ಪಿನಕಾಯಿಯ ಮಾತಿಗೆ ಹೋಗಿದ್ದೀಯ. ನಿನಗೆ ಮುಂದಿನ ಸಾಲಿಗೆ ಹೋಗಲು ಸಾಧ್ಯವಾಯಿತು. ನನಗೆ ಆಗಲಿಲ್ಲ.

ನಿನ್ನ ದೊಡ್ಡಪ್ಪನವರಿಗೆ ಓದಿ ಹೇಳಿದೆ. ಐವತ್ತು ಸಾವಿರ ಜನ ಇರುವ ಊರಿನಲ್ಲಿ ಯಾರಾದರೊಬ್ಬರು ನೋಡಿಯೇ ನೋಡುತ್ತಾರೆ, ನೀನು ಸುಮ್ಮನೆ ಗಾಬರಿಯಾಗಬೇಡ ಎಂದರು. ಅವರು ಹೇಳಿದ ಲೆಕ್ಕ ಸರಿಯಾಗಿಯೇ ಇದೆ. 2020ರ ಗಣತಿಯಲ್ಲಿ ನಿಮ್ಮ ಊರಿನ ಜನಸಂಖ್ಯೆ 50,474. ಹೆಚ್ಚುಕಡಿಮೆ ನಮ್ಮ ಸಾಗರದಷ್ಟು. (ನಮ್ಮ ನೆಂಟರಲ್ಲಿ ಅರ್ಧ ಜನ ನೀನು ಓಹಾಯೋದ ಮಹಾನಗರದಲ್ಲಿದ್ದೀಯ ಎಂದೇ ಇಂದಿಗೂ ನಂಬಿದ್ದಾರೆ, ಇಂಡಿಯಾನಾದಲ್ಲಿ ಅದೇ ಹೆಸರಿನ ಸಣ್ಣ ಊರೊಂದಿದೆ ಎಂದು ತಿದ್ದುವುದನ್ನು ನಾನು ಬಿಟ್ಟಿದ್ದೇನೆ.) 2000ದಲ್ಲಿ ಅಲ್ಲಿ 39,059 ಜನರಿದ್ದರು, 2010ರ ಹೊತ್ತಿಗೆ 44,061 ಆದರು. ಆ ರಾಜ್ಯದ ಎಷ್ಟೋ ಕೌಂಟಿಗಳಲ್ಲಿ ಜನ ಕಡಿಮೆಯಾಗುತ್ತಿರುವಾಗ ನಿಮ್ಮದು ಬೆಳೆಯುತ್ತಿರುವುದಕ್ಕೆ ಕಮಿನ್ಸ್‌ನವರ ಎಂಜಿನ್ ಕಾರ್ಖಾನೆಯೂ ಅದಕ್ಕಾಗಿ ಹೊರಗಿನಿಂದ ಬಂದು ಸೇರುವ ನಿಮ್ಮಂಥವರೂ ದೊಡ್ಡ ಕಾರಣ. 2010ರಲ್ಲೇ ಅಲ್ಲಿ ನೂರಕ್ಕೆ ಐದಕ್ಕಿಂತ ಹೆಚ್ಚು ಮಂದಿ ಏಷ್ಯಾದ ಮೂಲದವರಿದ್ದರು, ಅದಕ್ಕೂ ಹತ್ತು ವರ್ಷ ಹಿಂದೆ ಮೂರರ ಆಸುಪಾಸಿನಲ್ಲಿದ್ದರು. ಇಷ್ಟೆಲ್ಲ ಅಂಕಿಗಳು ನನಗೆ ಬಾಯಿಪಾಠವಾದದ್ದು ನಿನ್ನನ್ನು ಆ ಊರಿಗೆ ಮದುವೆ ಮಾಡಿ ಕಳಿಸುವ ಮೊದಲು ನಾನು ಮಾಡಿದ ವಿಚಾರಣೆಯಿಂದ. ಹುಡುಗನ ಬಗ್ಗೆ ನಿನ್ನ ಅಪ್ಪ ವಿಚಾರಿಸಿದರು, ಊರಿನ ಬಗ್ಗೆ ನಾನು.

ಆದರೆ ಅಂಕಿ ಬೆಳೆದ ಮಾತ್ರಕ್ಕೆ ನೀನು ಬಿದ್ದದ್ದನ್ನು ನೋಡುವ ಕಣ್ಣು ಬೆಳೆಯುವುದಿಲ್ಲವಲ್ಲ. ನಿನ್ನ ಜೊತೆ ಬಂದು ಪಕ್ಕದ ಅಪಾರ್ಟ್‌ಮೆಂಟಿನಲ್ಲಿದ್ದ ಪುಣೆಯ ದಂಪತಿಗಳು ವಾಪಸಾದರು ಎಂದೆ. ಹೈದರಾಬಾದಿನವರು ಬೇರೆ ರಾಜ್ಯಕ್ಕೆ ಹೋದರು. ಮೂರು ವರ್ಷ, ಮತ್ತೆ ಮೂರು ವರ್ಷ ಎನ್ನುವ ವೀಸಾದ ಲೆಕ್ಕ, ಗ್ರೀನ್ ಕಾರ್ಡಿಗೆ ನಮ್ಮ ದೇಶದವರು ನಿಂತಿರುವ ಆ ಉದ್ದನೆಯ ಸಾಲು, ಕಂಪನಿಯ ವರ್ಗಾವಣೆ, ಇವುಗಳ ನಡುವೆ ನಮ್ಮವರ ಸಂಖ್ಯೆ ಕಾಗದದ ಮೇಲೆ ಏರುತ್ತಲೇ ಇರುತ್ತದೆ, ಆ ಸಂಖ್ಯೆಯೊಳಗಿನ ಮುಖಗಳು ಮಾತ್ರ ಬದಲಾಗುತ್ತಿರುತ್ತವೆ. ನಿನ್ನ ಹೆಸರು ಹಿಡಿದು ಕೂಗುವಷ್ಟು ಪರಿಚಯವಾಗುವ ಹೊತ್ತಿಗೆ ಅವರು ಸಾಮಾನು ಕಟ್ಟುತ್ತಿರುತ್ತಾರೆ.

ಆ ಬೇಸಿಗೆಯಲ್ಲಿ ನಾನು ಅಲ್ಲಿಗೆ ಬಂದಾಗ ಸಂಜೆ ಕಿಟಕಿಯ ಬಳಿ ಕೂತು ನೋಡುತ್ತಿದ್ದೆ. ಕಾರು ತಿರುವಿನಲ್ಲಿ ಕಾಣುವಾಗಲೇ ಗ್ಯಾರೇಜಿನ ಬಾಗಿಲು ತಾನಾಗಿ ಮೇಲೇಳುತ್ತಿತ್ತು, ಕಾರು ಒಳಗೆ ಹೋಗುತ್ತಿತ್ತು, ಬಾಗಿಲು ಇಳಿಯುತ್ತಿತ್ತು. ಇಳಿದವರು ಗಂಡಸೋ ಹೆಂಗಸೋ ತಿಳಿಯುತ್ತಿರಲಿಲ್ಲ. ಇಡೀ ಬೀದಿಯ ಕಾರುಗಳ ಬಣ್ಣ ನನಗೆ ಪರಿಚಯವಾಯಿತು, ಮುಖಗಳಲ್ಲಿ ಎದುರು ಮನೆಯ ಆ ಮುದುಕಿಯದೊಂದೇ ಗುರುತಿಗೆ ಬಂತು. ಅವರು ಅಂಚೆ ಪೆಟ್ಟಿಗೆ ನೋಡಲು ಚಪ್ಪಲಿ ಎಳೆಯುತ್ತ ಹೊರಗೆ ಬರುತ್ತಿದ್ದುದರಿಂದ. ನಮ್ಮ ಬೀದಿಯಲ್ಲಿ ಬೆಳಿಗ್ಗೆ ಏಳರೊಳಗೆ ಅಂಗಳಕ್ಕೆ ನೀರು ಬೀಳದಿದ್ದರೆ ಹಾಲಿನವನು ಬಾಗಿಲು ಬಡಿಯುತ್ತಾನೆ. ಅದೂ ಒಂದು ಕಿರಿಕಿರಿಯೇ ಎಂದು ನಾನು ಎಷ್ಟೋ ಸಲ ಗೊಣಗಿದ್ದುಂಟು.

ಇದನ್ನು ನಿನಗೆ ಹೇಳಬೇಕೋ ಬೇಡವೋ ಎಂದು ಯೋಚಿಸಿದೆ. ಹೇಳದಿದ್ದರೆ ನಿನ್ನ ಒಂದು ಮಾತಿಗೆ ನಾನು ಇಷ್ಟು ನಲುಗಿದ್ದೇಕೆ ಎಂಬುದು ನಿನಗೆ ತಿಳಿಯುವುದಿಲ್ಲ. 1981ರ ಜನಗಣತಿಗೆ ಶಾಲೆಯ ಮೇಷ್ಟ್ರುಗಳ ಜೊತೆ ನನ್ನನ್ನೂ ಗಣತಿಗೆ ಹಾಕಿದ್ದರು. ಆಗ ನಾನು ಹೊಸನಗರದ ಕಡೆ ಇದ್ದೆ. ಅಲ್ಲಿಯ ಒಂಟಿಮನೆಗಳು ನಿನಗೆ ಗೊತ್ತು, ಒಂದರಿಂದ ಇನ್ನೊಂದಕ್ಕೆ ಗುಡ್ಡ ಹತ್ತಿ ಇಳಿಯಬೇಕು. ತೋಟದಾಚೆಯ ಒಂದು ಮನೆಯಲ್ಲಿ ಒಬ್ಬರೇ ಅಜ್ಜಿ ಇದ್ದರು. ಹೆಂಗಸು ಒಂದು, ವಯಸ್ಸು ಅಂದಾಜು ಎಪ್ಪತ್ತು, ವಿಧವೆ, ಅಕ್ಷರ ಬಾರದು ಎಂದು ನಮೂನೆ ತುಂಬಿಸಿದೆ. ಒಲೆಯ ಮೇಲೆ ಕಷಾಯಕ್ಕಿಟ್ಟಿದ್ದೇನೆ, ಕುಡಿದು ಹೋಗಿ ಎಂದರು. ಹೊತ್ತು ಮುಳುಗುವುದರೊಳಗೆ ಇನ್ನೊಂದು ಮನೆ ಮುಗಿಸಬೇಕೆಂದು ನಾನು ಎದ್ದೆ. ಆ ವರ್ಷದ ಮಳೆಗಾಲದಲ್ಲಿ ಅವರು ತೀರಿಕೊಂಡದ್ದು ಯಾರಿಗೂ ತಕ್ಷಣ ತಿಳಿಯಲಿಲ್ಲವಂತೆ. ಹಳ್ಳ ಇಳಿದ ಮೇಲೆ ತೋಟಕ್ಕೆ ಬಂದ ಕೂಲಿಯವನು ನೋಡಿದ್ದು ಎಂದು ಶಾಲೆಯಲ್ಲಿ ಯಾರೋ ಹೇಳಿದರು. ಅದರಲ್ಲಿ ನನ್ನ ತಪ್ಪೇನೂ ಇಲ್ಲ ಎಂದು ನಿನ್ನ ದೊಡ್ಡಪ್ಪ ಹೇಳುತ್ತಾರೆ, ಇರಲಿಕ್ಕೂ ಇಲ್ಲ. ಆದರೂ ಆ ಗಣತಿಯಲ್ಲಿ ದೇಶದ ಜನಸಂಖ್ಯೆ 68 ಕೋಟಿ ಎಂದು ಆಮೇಲೆ ಪತ್ರಿಕೆಯಲ್ಲಿ ಓದಿದಾಗ, ಅದರಲ್ಲಿ ಅವರೂ ಒಬ್ಬರು, ಅವರನ್ನು ಸೇರಿಸಿದವಳು ನಾನು ಎಂದು ನೆನಪಾಗಿ, ಪತ್ರಿಕೆ ಮಡಿಸಿಟ್ಟಿದ್ದೆ. ಈಗ ನಿನ್ನ ಕಾಗದ ಓದುವಾಗ ಆ ಮನೆಯ ಮೆಟ್ಟಿಲು ಕಣ್ಣಿಗೆ ಕಟ್ಟಿತು. ನಿನ್ನ ವಯಸ್ಸೆಲ್ಲಿ, ಅವರ ವಯಸ್ಸೆಲ್ಲಿ, ಹೋಲಿಕೆಯೇ ಸಲ್ಲದು ಎಂದು ನನಗೂ ಗೊತ್ತು.

ಮೂವತ್ತು ವರ್ಷ ಹಾಜರಿ ಪುಸ್ತಕ ಹಿಡಿದವಳಾದ್ದರಿಂದ ನನಗೆ ವಿಷಯ ಹೀಗೆ ಕಾಣುತ್ತದೆ. ನಿಮ್ಮ ಊರಿನಲ್ಲಿ ಒಬ್ಬರು ಕಾಣದಿದ್ದರೆ ಕೇಳುವವರು ಇಲ್ಲವೆಂದಲ್ಲ; ಕೇಳುವ ಜಾಗಗಳು ಬೇರೆ. ಕೆಲಸಕ್ಕೆ ಹೋಗುವವರನ್ನು ಕೆಲಸದವರು ಕೇಳುತ್ತಾರೆ, ಮಕ್ಕಳಿರುವವರನ್ನು ಶಾಲೆಯವರು ಕೇಳುತ್ತಾರೆ, ಚರ್ಚಿಗೆ ಹೋಗುವವರನ್ನು ಆ ಸಾಲಿನಲ್ಲಿ ಕೂರುವವರು ಕೇಳುತ್ತಾರೆ. ಭಾನುವಾರ ಬೆಳಿಗ್ಗೆ ಆ ಎತ್ತರದ ಗೋಪುರದ ಚರ್ಚಿನ ಮುಂದೆ ಕಾರುಗಳು ತುಂಬಿದ್ದನ್ನು ನಾವಿಬ್ಬರೂ ನೋಡಿದ್ದೆವು. ನಿನ್ನ ವೀಸಾದಲ್ಲಿ ಸದ್ಯ ಕೆಲಸ ಮಾಡುವಂತಿಲ್ಲ, ಮಗುವಿಲ್ಲ, ಚರ್ಚು ನಮ್ಮದಲ್ಲ. ಮೂರೂ ಪುಸ್ತಕಗಳಲ್ಲಿ ನಿನ್ನ ಹೆಸರಿಲ್ಲ. ಐವತ್ತು ಸಾವಿರ ಜನರ ನಡುವೆ ನೀನು ಬಿದ್ದುಕೊಂಡಿದ್ದರೂ ಯಾರಿಗೂ ತಿಳಿಯದಿರುವುದಕ್ಕೆ ಅವರ ಕಲ್ಲೆದೆ ಕಾರಣವಲ್ಲ, ಇದೇ ಕಾರಣ ಎಂದು ನನ್ನ ಅನಿಸಿಕೆ. ಮಗುವಿನ ಮಾತು ಬಂದದ್ದರಿಂದ ಬೇಸರಿಸಬೇಡ, ನಾನು ಆ ಅರ್ಥದಲ್ಲಿ ಹೇಳಿದ್ದಲ್ಲ.

ನೀನು ನನ್ನನ್ನು ಕರೆದುಕೊಂಡು ಹೋಗಿದ್ದ ಆ ಗ್ರಂಥಾಲಯ ಇದೆಯಲ್ಲ, ವಾಸ್ತುಶಿಲ್ಪಿ ಐ. ಎಂ. ಪೇ ಅವರು ವಿನ್ಯಾಸ ಮಾಡಿದ್ದು, 1969ರಲ್ಲಿ ತೆರೆದದ್ದು, ಅದರ ಮುಂದೆ ಶಿಲ್ಪಿ ಹೆನ್ರಿ ಮೂರ್ ಅವರ ಕಂಚಿನ ಕಮಾನು, ಅಲ್ಲಿ ನಾಲ್ಕಾರು ಜನ ಸದಾ ಇರುತ್ತಿದ್ದರು. ಅಮೆರಿಕದ ದೊಡ್ಡ ದೊಡ್ಡ ವಾಸ್ತುಶಿಲ್ಪಿಗಳು ಅಷ್ಟು ಸಣ್ಣ ಊರಿಗೆ ಏಕೆ ಬಂದರು ಎಂದು ನಾನು ಕೇಳಿದಾಗ ನೀನು ವಿವರಿಸಿದ್ದೆ: ಕಮಿನ್ಸ್‌ನ ಮುಖ್ಯಸ್ಥರಾಗಿದ್ದ ಇರ್ವಿನ್ ಮಿಲ್ಲರ್ ಅವರು ಕಂಪನಿಯ ಪ್ರತಿಷ್ಠಾನದಿಂದ ವಾಸ್ತುಶಿಲ್ಪಿಯ ಶುಲ್ಕ ಕೊಡಿಸುವ ಏರ್ಪಾಡು ಮಾಡಿದ್ದು, ಅದು 1950ರ ದಶಕದಲ್ಲಿ ಶಾಲೆಯ ಕಟ್ಟಡಗಳಿಂದ ಆರಂಭವಾದದ್ದು. ಶಾಲೆಯಿಂದ ಆರಂಭವಾಯಿತು ಎನ್ನುವುದು ನನಗೆ ಬಹಳ ಹಿಡಿಸಿತ್ತು. ನಾನು ಹೇಳಲು ಹೊರಟದ್ದು ಅದಲ್ಲ. ಆ ಗ್ರಂಥಾಲಯದಲ್ಲಿ ಸಂಬಳವಿಲ್ಲದೆ ವಾರಕ್ಕೊಂದು ದಿನ ಏನಾದರೂ ಸೇವೆ ಮಾಡಲು ಸಾಧ್ಯವೇ ಎಂದು ಕೇಳಿ ನೋಡು. ವೀಸಾದ ನಿಯಮ ಏನು ಹೇಳುತ್ತದೆ ಎಂದು ಅಳಿಯಂದಿರು ಮೊದಲು ವಿಚಾರಿಸಲಿ. ಮಂಗಳವಾರದ ಮಾಲತಿ ಇವತ್ತು ಏಕೆ ಬರಲಿಲ್ಲ ಎಂದು ಕೇಳುವ ಒಬ್ಬರು ಸಿಕ್ಕಿದರೂ ಸಾಕು. ಅಲ್ಲಿಗೆ ಹೋಗುವುದು ಹೇಗೆ ಎನ್ನುತ್ತೀಯ. ಭಾನುವಾರ ಬಸ್ಸಿಲ್ಲ, ಉಳಿದ ದಿನ ಗಂಟೆಗೊಂದು ಎಂದು ನೀನು ಬರೆದಿದ್ದೀಯ. ಲೈಸೆನ್ಸ್ ಪರೀಕ್ಷೆಯನ್ನು ಈ ವಸಂತದಲ್ಲಾದರೂ ಮುಗಿಸು ಎಂದು ಮತ್ತೆ ಹೇಳಿದರೆ ನಿನಗೆ ಕೋಪ ಬರುತ್ತದೆ, ಆದರೂ ಹೇಳಿದ್ದೇನೆ.

ಎದುರು ಮನೆಯ ಆ ಹೆಂಗಸಿನ ಹೆಸರನ್ನು ಇನ್ನೂ ನೀನು ಬರೆದಿಲ್ಲ. ನಾನಿದ್ದಾಗ ನೀನೇ ಮಧ್ಯೆ ನಿಂತು ಅವರ ಮಾತನ್ನು ನನಗೆ ತಿಳಿಸಿದ್ದೆ: 2008ರ ಜೂನಿನಲ್ಲಿ ತೊರೆಯ ನೀರು ಉಕ್ಕಿ ಊರಿನ ಆಸ್ಪತ್ರೆಯನ್ನೇ ಖಾಲಿ ಮಾಡಿಸಬೇಕಾಗಿ ಬಂದ ದಿನ, ಬೀದಿಯವರೆಲ್ಲ ಮನೆಮನೆಯ ಬಾಗಿಲು ಬಡಿದು ಒಳಗೆ ಯಾರಿದ್ದಾರೆ ಎಂದು ನೋಡಿದ್ದರಂತೆ. ಹಾಗೆ ಬಡಿಯುವವರು ಅಲ್ಲಿದ್ದಾರೆ ಎಂದಾಯಿತಲ್ಲ. ನೀರು ಬರುವವರೆಗೆ ಕಾಯಬಾರದು ಅಷ್ಟೇ. ಆ ದೇಶದಲ್ಲಿ ನೂರು ಮನೆಗಳಲ್ಲಿ ಇಪ್ಪತ್ತೇಳಕ್ಕೂ ಹೆಚ್ಚು ಮನೆಗಳಲ್ಲಿ ಒಬ್ಬೊಬ್ಬರೇ ಇದ್ದಾರೆ ಎಂದು 2020ರ ಗಣತಿ ಹೇಳುತ್ತದೆ. ನಿನ್ನನ್ನು ಕಾಡಿದ ಪ್ರಶ್ನೆ ಆ ಮುದುಕಿಯನ್ನು ಪ್ರತಿ ಚಳಿಗಾಲವೂ ಕಾಡುತ್ತಿರಬೇಕು.

ಲಿಂಗನಮಕ್ಕಿ ಅಣೆಕಟ್ಟಿನ ಮುಳುಗಡೆಯಾದ ಮೇಲೆ ಹೊಸ ಊರಿಗೆ ಬಂದಾಗ ನಿನ್ನ ಅಜ್ಜಿ ಏನು ಮಾಡುತ್ತಿದ್ದಳು ಎಂಬುದನ್ನು ನಿನ್ನ ಅಮ್ಮ ಹೇಳಿರಲಾರಳು, ಅವಳಿಗಾಗ ತಿಳಿವಳಿಕೆಯಿರಲಿಲ್ಲ. ಮನೆಯಲ್ಲಿ ಮೊಸರು ಇದ್ದರೂ ಲೋಟ ಹಿಡಿದು ಹೆಪ್ಪಿಗೆ ಮಜ್ಜಿಗೆ ಕೇಳಲು ಪಕ್ಕದ ಮನೆಗೆ ಹೋಗುತ್ತಿದ್ದಳು. ನನಗೆ ನಾಚಿಕೆಯಾಗುತ್ತಿತ್ತು, ನಮ್ಮನ್ನು ಇಲ್ಲದವರೆಂದುಕೊಳ್ಳುತ್ತಾರೆ ಎಂದು ಜಗಳವಾಡಿದ್ದೆ. ಅವಳು ಯಾಕೆ ಹೋಗುತ್ತಿದ್ದಳು ಎಂದು ಅವಳಿರುವಾಗ ಒಂದು ದಿನವೂ ಕೇಳಲಿಲ್ಲ. ಅಲ್ಲಿ ಹೆಪ್ಪು ಕೇಳುವ ಪದ್ಧತಿಯಿಲ್ಲ, ನಿಜ. ಒಂದು ಡಬ್ಬಿ ಕೋಡುಬಳೆ ತೆಗೆದುಕೊಂಡು ಹೋಗು, ಖಾರ ಕಡಿಮೆ ಹಾಕು. ಅವರಿಗೆ ಇಷ್ಟವಾಗದಿದ್ದರೂ ಡಬ್ಬಿ ಹಿಂದಿರುಗಿಸಲು ಒಮ್ಮೆ ನಿನ್ನ ಬಾಗಿಲಿಗೆ ಬರಬೇಕಾಗುತ್ತದೆ. ಪರಿಚಯ ಬಲಿತ ಮೇಲೆ ಮನೆಯ ಒಂದು ಕೀಲಿಯನ್ನು ಅವರ ಬಳಿ ಇಡಬಹುದೋ ಏನೋ. ಇದನ್ನು ಅಳಿಯಂದಿರು ಒಪ್ಪಬೇಕು.

ಇನ್ನು ಹಿಂಬಾಗಿಲ ಮೆಟ್ಟಿಲು. ಅದಕ್ಕೆ ಹಾಕುವ ಉಪ್ಪಿನ ಚೀಲ ಬಾಗಿಲ ಒಳಗೇ ಇರಲಿ, ಗ್ಯಾರೇಜಿನಲ್ಲಿಟ್ಟರೆ ಅದನ್ನು ತರಲು ಹೋಗುವಾಗಲೇ ಜಾರುತ್ತೀಯ. ಕಸ ಹಾಕಲು ಹೋಗುವಾಗಲೂ ಫೋನು ಜೇಬಿನಲ್ಲಿರಲಿ. ಬಿದ್ದರೆ ತಾನೇ ಕರೆ ಮಾಡುವ ಕೈಗಡಿಯಾರ ಬಂದಿದೆ ಎಂದು ನಿನ್ನ ತಮ್ಮ ಹೇಳಿದ. ಬೆಲೆ ಕೇಳಿ ಸುಮ್ಮನಾದೆ, ಆದರೂ ನೀವು ಯೋಚಿಸಿ. ಅಳಿಯಂದಿರು ಪ್ರವಾಸದಲ್ಲಿರುವ ದಿನಗಳಲ್ಲಿ ಬೆಳಿಗ್ಗೆ ಏಳು ಗಂಟೆಗೆ ನನಗೊಂದು ಸಂದೇಶ ಹಾಕು, ಚಳಿಗಾಲದಲ್ಲಿ ಇಲ್ಲಿ ಆಗ ಸಂಜೆ ಐದೂವರೆ, ನಾನು ಜಗಲಿಯಲ್ಲೇ ಇರುತ್ತೇನೆ. ಏನೂ ಬರೆಯಬೇಕಾಗಿಲ್ಲ, ಒಂದು ಚುಕ್ಕೆ ಹಾಕಿದರೂ ಸಾಕು. ಬರದಿದ್ದರೆ ಏನು ಮಾಡುತ್ತೀರಿ ಎಂದು ನೀನು ಕೇಳಬಹುದು. ಇಲ್ಲಿಂದ 911 ಒತ್ತಿದರೆ ಅದು ನಿಮ್ಮ ಊರಿಗೆ ಹೋಗುವುದಿಲ್ಲ, ಊರಿನ ಪೊಲೀಸರದೇ ಹತ್ತು ಅಂಕಿಯ ಸಂಖ್ಯೆ ಬೇಕು. ಮನೆಯವರು ಆತಂಕದಿಂದ ಕೇಳಿಕೊಂಡರೆ ಅವರು ಬಂದು ಬಾಗಿಲು ಬಡಿದು ನೋಡುತ್ತಾರಂತೆ. ಆ ಸಂಖ್ಯೆಯನ್ನೂ ಎದುರು ಮನೆಯವರ ಹೆಸರನ್ನೂ ಅವರ ಫೋನ್ ಸಂಖ್ಯೆಯನ್ನೂ ಮುಂದಿನ ಕಾಗದದವರೆಗೆ ಕಾಯದೆ ನಾಳೆಯೇ ಕಳಿಸು. ನನ್ನ ಇಂಗ್ಲಿಷು ಅಷ್ಟಕ್ಕೆ ಸಾಲುತ್ತದೆ.

ಅಳಿಯಂದಿರಿಗೆ ಈ ಕಾಗದ ತೋರಿಸಬಹುದು. ಅಮ್ಮನಿಗೆ ಬೇಡ, ನೀನು ಬಿದ್ದ ವಿಷಯವನ್ನು ನಾನು ಅವಳಿಗೆ ಹೇಳಿಲ್ಲ.

ಇಂತಿ ಆಶೀರ್ವಾದಗಳು,
ನಿನ್ನ ದೊಡ್ಡಮ್ಮ
ಸಾಗರ