ಕೈತೋಟದ ಸಲಹೆಗಳ ಜೊತೆಗೆ ಕಾರಣವನ್ನೂ ಪ್ರಕಟಿಸಿ

ಮಾನ್ಯ ಸಂಪಾದಕರಿಗೆ,

ನಮಸ್ಕಾರಗಳು. ಕೈತೋಟ ಮತ್ತು ಮನೆವಾರ್ತೆಗೆ ಸಂಬಂಧಿಸಿದಂತೆ ತಮ್ಮ ಪತ್ರಿಕೆಯಲ್ಲಿ ಬರುವ ಓದುಗರ ಕಿರು ಸಲಹೆಗಳನ್ನು ಬಹುಕಾಲದಿಂದ ಓದುತ್ತ ಬಂದಿದ್ದೇನೆ. ಒಂದಿಷ್ಟು ತರಕಾರಿ, ನಾಲ್ಕಾರು ಹಣ್ಣಿನ ಗಿಡ, ಕೆಲವು ಕೋಳಿ ಇಟ್ಟುಕೊಂಡು ಮನೆಗೆ ಬೇಕಾದುದನ್ನು ಸಾಧ್ಯವಾದಷ್ಟು ಮನೆಯಲ್ಲೇ ಬೆಳೆದುಕೊಳ್ಳುವವರಿಗೆ ಇಂತಹ ಪುಟದ ಅಗತ್ಯವಿದೆ. ಆದರೆ ಈ ಸಲಹೆಗಳಲ್ಲಿ ಬಹುಪಾಲು ‘ಇದನ್ನು ಹಾಕಿ, ಅದನ್ನು ಸಿಂಪಡಿಸಿ’ ಎಂಬಲ್ಲಿಗೇ ನಿಂತುಬಿಡುತ್ತವೆ. ಏಕೆ ಹಾಕಬೇಕು, ಎಷ್ಟು ಹಾಕಬೇಕು, ಯಾವಾಗ ಹಾಕಲೇಬಾರದು ಎಂಬುದು ಅವುಗಳಲ್ಲಿ ಇರುವುದಿಲ್ಲ. ಕಾರಣ ಗೊತ್ತಿಲ್ಲದೆ ಅನುಸರಿಸಿದ ಸಲಹೆ ಒಮ್ಮೊಮ್ಮೆ ಫಲ ಕೊಡಬಹುದು. ಹೆಚ್ಚಿನ ಸಲ ಶ್ರಮ ವ್ಯರ್ಥವಾಗುತ್ತದೆ. ಕೆಲವು ವಿಷಯಗಳಲ್ಲಿ ಅದು ಜೀವಕ್ಕೇ ಎರವಾಗಬಹುದು. ಈ ಮಾತನ್ನು ಉದಾಹರಣೆಗಳ ಸಹಿತ ವಿವರಿಸಲು ಅವಕಾಶ ಕೋರುತ್ತೇನೆ.

ಟೊಮೆಟೊ ಕಾಯಿಯ ತಳಭಾಗ ಕಪ್ಪಾಗಿ, ಒಣಗಿದ ಚರ್ಮದಂತೆ ಒಳಕ್ಕೆ ಕುಗ್ಗುವುದನ್ನು ಬೆಳೆದವರೆಲ್ಲರೂ ನೋಡಿರುತ್ತಾರೆ. ಇದು ಸುಣ್ಣದ ಅಂಶದ ಕೊರತೆ, ಆದ್ದರಿಂದ ಬುಡಕ್ಕೆ ಮೊಟ್ಟೆಯ ಚಿಪ್ಪು ಹಾಕಿ ಎಂಬ ಸಲಹೆ ಪ್ರತಿ ಹಂಗಾಮಿನಲ್ಲಿಯೂ ಅಚ್ಚಾಗುತ್ತದೆ. ಇದರ ಮೊದಲರ್ಧ ನಿಜ. ಕಾಯಿಯ ಆ ಭಾಗಕ್ಕೆ ಕ್ಯಾಲ್ಸಿಯಂ ತಲುಪಿರುವುದಿಲ್ಲ. ಆದರೆ ಅದು ತಲುಪದಿರುವುದಕ್ಕೆ ಮಣ್ಣಿನಲ್ಲಿ ಇಲ್ಲದಿರುವುದೇ ಕಾರಣವೆಂದು ಹೇಳಲಾಗದು, ಏಕೆಂದರೆ ಹೆಚ್ಚಿನ ಮಣ್ಣುಗಳಲ್ಲಿ ಗಿಡಕ್ಕೆ ಸಾಲುವಷ್ಟು ಕ್ಯಾಲ್ಸಿಯಂ ಇದ್ದೇ ಇರುತ್ತದೆ. ಬೇರಿನಿಂದ ಮೇಲೇರುವ ನೀರಿನ ಜೊತೆಯಲ್ಲಿ ಮಾತ್ರ ಕ್ಯಾಲ್ಸಿಯಂ ಗಿಡದೊಳಗೆ ಸಾಗುತ್ತದೆ. ಎಲೆಗಳಿಂದ ನೀರು ಧಾರಾಳವಾಗಿ ಆವಿಯಾಗುವುದರಿಂದ ಅದರ ದೊಡ್ಡ ಪಾಲು ಎಲೆಗಳಿಗೆ ಹೋಗುತ್ತದೆ, ಹೆಚ್ಚು ಆವಿ ಬಿಡದ ಕಾಯಿಗೆ ಉಳಿಯುವುದು ಕಡಿಮೆ, ಮತ್ತು ಒಮ್ಮೆ ಎಲೆ ಸೇರಿದ ಕ್ಯಾಲ್ಸಿಯಂ ಅಲ್ಲಿಂದ ಕಾಯಿಗೆ ಮರಳಿ ಬರುವುದಿಲ್ಲ. ಇಂತಹ ಸ್ಥಿತಿಯಲ್ಲಿ ಮಣ್ಣು ಒಂದು ವಾರ ಒಣಗಿ ಇನ್ನೊಂದು ವಾರ ಕೆಸರಾದರೆ, ಕಾಯಿ ಬಲಿಯುವ ಹೊತ್ತಿಗೆ ಪೂರೈಕೆ ಕಡಿದುಹೋಗುತ್ತದೆ. ಹಾಗಾಗಿ ಇದಕ್ಕೆ ಪರಿಹಾರವೆಂದರೆ ಏರುಪೇರಿಲ್ಲದ ನೀರು, ಬುಡದ ಸುತ್ತ ಒಣ ಎಲೆ ಅಥವಾ ಹುಲ್ಲಿನ ಹೊದಿಕೆ, ಮತ್ತು ಎಲೆಗಳನ್ನಷ್ಟೇ ಹುಲುಸಾಗಿ ಬೆಳೆಸುವ ಸಾರಜನಕ ಗೊಬ್ಬರದಲ್ಲಿ ಮಿತಿ. ಚಿಪ್ಪಿನ ಚೂರುಗಳು ಮಣ್ಣಿನಲ್ಲಿ ವರ್ಷಗಟ್ಟಲೆ ಹಾಗೆಯೇ ಉಳಿಯುತ್ತವೆ. ನುಣ್ಣಗೆ ಪುಡಿ ಮಾಡಿದರೂ ಆಮ್ಲೀಯ ಮಣ್ಣಿನಲ್ಲಿ ನಿಧಾನವಾಗಿ, ಕ್ಷಾರೀಯ ಮಣ್ಣಿನಲ್ಲಿ ಇಲ್ಲವೆನ್ನುವಷ್ಟು ಅಲ್ಪವಾಗಿ ಕರಗುತ್ತವೆ. ಹೀಗಿದ್ದರೂ ಈ ಸಲಹೆಗೆ ಇಷ್ಟು ಹೆಸರು ಬಂದದ್ದು ಹೇಗೆ ಎಂದರೆ, ಈ ತೊಂದರೆ ಸಾಮಾನ್ಯವಾಗಿ ಮೊದಲ ಗೊಂಚಲುಗಳಲ್ಲಿ ಕಾಣಿಸಿಕೊಂಡು, ಬೇರು ಹರಡಿದಂತೆ ಮುಂದಿನ ಕಾಯಿಗಳಲ್ಲಿ ತಾನಾಗಿಯೇ ಕಡಿಮೆಯಾಗುತ್ತದೆ. ನಡುವೆ ಚಿಪ್ಪು ಹಾಕಿದವರು ಅದರಿಂದಲೇ ವಾಸಿಯಾಯಿತೆಂದು ಪತ್ರಿಕೆಗೆ ಬರೆಯುತ್ತಾರೆ. ಇದೇ ತೊಂದರೆಗೆ ಎಪ್ಸಮ್ ಉಪ್ಪು ಸೂಚಿಸುವವರೂ ಇದ್ದಾರೆ. ಅದರಲ್ಲಿರುವ ಮೆಗ್ನೀಸಿಯಂ ಬೇರಿನ ಬಳಿ ಕ್ಯಾಲ್ಸಿಯಂನೊಂದಿಗೆ ಪೈಪೋಟಿಗಿಳಿಯುವುದರಿಂದ, ಮೆಗ್ನೀಸಿಯಂ ಕೊರತೆಯಿಲ್ಲದ ಮಣ್ಣಿಗೆ ಅದನ್ನು ಹಾಕಿದರೆ ತೊಂದರೆ ಹೆಚ್ಚಾಗುವ ಸಂಭವವೇ ಅಧಿಕ.

ನೀರಿನ ವಿಷಯಕ್ಕೆ ಬಂದಾಗ ‘ಪ್ರತಿದಿನ ಸ್ವಲ್ಪ ಸ್ವಲ್ಪ ನೀರು ಹಾಕಿ’ ಎಂಬ ಮಾತನ್ನು ಪ್ರಶ್ನಿಸುವವರೇ ಇಲ್ಲ. ಆಗತಾನೇ ಮೊಳೆತ ಬೀಜಕ್ಕೆ, ಸಣ್ಣ ಕುಂಡಕ್ಕೆ ಅದು ಸರಿ. ನೆಲದಲ್ಲಿ ಬೇರೂರಿದ ಗಿಡಕ್ಕೆ ಮೇಲ್ಮಣ್ಣು ಮಾತ್ರ ನೆನೆಯುವಷ್ಟು ನೀರು ಸಿಕ್ಕರೆ ಬೇರುಗಳೂ ಮೇಲೆಯೇ ಉಳಿದು, ಎರಡು ದಿನ ನೀರು ತಪ್ಪಿದರೆ ಗಿಡ ಬಾಡುತ್ತದೆ. ಲೆಕ್ಕ ಹಾಕಲು ಸುಲಭವಾದ ಸೂತ್ರವೊಂದಿದೆ: ಒಂದು ಚದರ ಮೀಟರ್ ಜಾಗದ ಮೇಲೆ 1 ಮಿಲಿಮೀಟರ್ ಮಳೆ ಬಿದ್ದರೆ ಅದು 1 ಲೀಟರ್ ನೀರಿಗೆ ಸಮ. ತರಕಾರಿ ಮಡಿಗಳಿಗೆ ಹದವಾದ ಹವೆಯಲ್ಲಿ ವಾರಕ್ಕೆ ಸುಮಾರು 25 ಮಿಲಿಮೀಟರ್, ಅಂದರೆ ಚದರ ಮೀಟರಿಗೆ 25 ಲೀಟರ್ ಬೇಕೆಂಬುದು ಒಂದು ಅಂದಾಜು. ಬಿಸಿಲು, ಗಾಳಿ ಜೋರಾಗಿದ್ದರೆ ಇನ್ನೂ ಹೆಚ್ಚು ಬೇಕಾಗುತ್ತದೆ. ಜೇಡಿ ಮಣ್ಣಾದರೆ ಇದನ್ನು ಒಂದೆರಡು ಸಲಕ್ಕೆ, ಮರಳು ಮಣ್ಣಾದರೆ ಮೂರು ನಾಲ್ಕು ಸಲಕ್ಕೆ ಹಂಚಿ ಹಾಕಬೇಕು. ಇದೇ ಸೂತ್ರದಿಂದ ಮಳೆಕೊಯ್ಲನ್ನೂ ಅಳೆಯಬಹುದು: 100 ಚದರ ಮೀಟರ್ ಚಾವಣಿಯ ಮೇಲೆ 10 ಮಿಲಿಮೀಟರ್ ಮಳೆ ಸುರಿದರೆ, ಸೋರಿಕೆ ಮತ್ತು ಮೊದಲ ಕೊಳೆನೀರನ್ನು ಕಳೆಯುವ ಮುನ್ನ, 1000 ಲೀಟರ್ ಆಗುತ್ತದೆ. ಆ ನೀರನ್ನು ತುಂಬಿಡುವ ತೊಟ್ಟಿಗೆ ಬಿಗಿಯಾದ ಮುಚ್ಚಳವಾಗಲಿ ಬಲೆಯಾಗಲಿ ಇರಲೇಬೇಕು, ಏಕೆಂದರೆ ಬೆಚ್ಚಗಿನ ಹವೆಯಲ್ಲಿ ಸೊಳ್ಳೆಯ ಮೊಟ್ಟೆ ಒಂದೆರಡು ವಾರದೊಳಗೆ ಸೊಳ್ಳೆಯಾಗಿ ಹಾರಿಹೋಗುತ್ತದೆ.

ಬಾಡಿದ ಗಿಡವನ್ನು ಕಂಡ ಕೂಡಲೇ ನೀರು ಸುರಿಯುವುದೂ ಇದೇ ಬಗೆಯ ಅಭ್ಯಾಸ. ನಡುಹಗಲಿನಲ್ಲಿ ಜೋಲಿದ ಎಲೆ ಸಂಜೆಗೆ ನೆಟ್ಟಗಾದರೆ ಚಿಂತಿಸಬೇಕಾಗಿಲ್ಲ. ಬೆಳಗ್ಗೆಯೇ ಜೋಲಿದ್ದರೆ ನೀರು ಬೇಕಿರಬಹುದು. ಆದರೆ ನೀರು ಅತಿಯಾಗಿ ಬೇರಿಗೆ ಗಾಳಿಯಾಡದಿದ್ದಾಗಲೂ ಗಿಡ ಹೀಗೆಯೇ ಬಾಡುತ್ತದೆ. ಎರಡಕ್ಕೂ ಲಕ್ಷಣ ಒಂದೇ, ಚಿಕಿತ್ಸೆ ವಿರುದ್ಧ. ಮಣ್ಣಿನೊಳಗೆ ಬೆರಳನ್ನು 5 ಸೆಂಟಿಮೀಟರ್‌ನಷ್ಟು ಇಳಿಸಿ ನೋಡುವುದಕ್ಕಿಂತ ಒಳ್ಳೆಯ ಸಾಧನ ಇದಕ್ಕೆ ಬೇಕಾಗಿಲ್ಲ.

ಕುಂಡದ ತಳಕ್ಕೆ ಜಲ್ಲಿ ಅಥವಾ ಹೆಂಚಿನ ಚೂರು ಹಾಕಿದರೆ ನೀರು ಚೆನ್ನಾಗಿ ಬಸಿಯುತ್ತದೆ ಎಂಬ ನಂಬಿಕೆಯ ಬಗ್ಗೆ ಸ್ವಲ್ಪ ಹೆಚ್ಚಾಗಿ ಹೇಳಬೇಕು, ಏಕೆಂದರೆ ಕೇಳಲು ಇದು ಬಹಳ ಸಹಜವೆನಿಸುತ್ತದೆ. ಮಣ್ಣಿನ ಸಣ್ಣ ರಂಧ್ರಗಳು ನೀರನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತವೆ. ಜಲ್ಲಿಯ ನಡುವಿನ ದೊಡ್ಡ ಸಂದುಗಳಿಗೆ ಆ ಶಕ್ತಿಯಿಲ್ಲ. ಹಾಗಾಗಿ ಮೇಲಿನ ಮಣ್ಣಿನ ಕೆಳ ಅಂಚು ಪೂರ್ತಿ ನೀರುಂಡು ತುಂಬುವವರೆಗೆ ಅದು ಜಲ್ಲಿಗೆ ಇಳಿಯುವುದಿಲ್ಲ. ಜಲ್ಲಿ ಇಲ್ಲದಿದ್ದರೆ ಕುಂಡದ ತಳದಲ್ಲಿ ಇರುತ್ತಿದ್ದ ಕೆಸರಿನ ಪದರ, ಜಲ್ಲಿ ಹಾಕಿದ್ದರಿಂದ ಅಷ್ಟೇ ದಪ್ಪದಲ್ಲಿ ಮೇಲಕ್ಕೆ ಸರಿದು ಬೇರಿಗೆ ಇನ್ನೂ ಹತ್ತಿರವಾಗುತ್ತದೆ. ಬೇರಿಗೆ ಸಿಗುವ ಜಾಗವೂ ಕಡಿಮೆಯಾಗುತ್ತದೆ. ನೀರು ಬಸಿಯಬೇಕೆಂದರೆ ಕುಂಡಕ್ಕೆ ತಕ್ಕಷ್ಟು ತೂತುಗಳಿರಬೇಕು, ಮಣ್ಣಿನ ಮಿಶ್ರಣ ಮೇಲಿನಿಂದ ಕೆಳಗಿನವರೆಗೂ ಸಡಿಲವಾಗಿರಬೇಕು. ತೂತಿನಿಂದ ಮಣ್ಣು ಜಾರದಂತೆ ಒಂದು ಬಲೆಯ ತುಂಡು ಸಾಕು.

ಕಾಂಪೋಸ್ಟ್ ಬಗ್ಗೆ ಬರುವ ಸಲಹೆಗಳು ಏನೇನು ಹಾಕಬಹುದು ಎಂಬ ಪಟ್ಟಿಯಾಗಿರುತ್ತವೆಯೇ ಹೊರತು ಪ್ರಮಾಣದ ಮಾತೇ ಅಲ್ಲಿರುವುದಿಲ್ಲ. ಕೊಳೆಯುವ ಕೆಲಸ ಮಾಡುವ ಸೂಕ್ಷ್ಮಜೀವಿಗಳಿಗೆ ಒಂದು ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಒಗ್ಗುತ್ತದೆ. ಅಡುಗೆಮನೆಯ ಹಸಿ ಕಸ, ಹಸಿ ಹುಲ್ಲು, ಕೋಳಿ ಹಿಕ್ಕೆ ಇವುಗಳಲ್ಲಿ ಸಾರಜನಕ ಹೆಚ್ಚು. ಒಣ ಎಲೆ, ಒಣ ಹುಲ್ಲು, ಕಾಗದ, ಮರದ ಹೊಟ್ಟು ಇವುಗಳಲ್ಲಿ ಇಂಗಾಲ ಹೆಚ್ಚು. ತೂಕ ಹಾಕುವ ಗೋಜು ಬೇಡವೆನ್ನುವವರು ಒಂದು ಬುಟ್ಟಿ ಹಸಿ ಕಸಕ್ಕೆ ಎರಡು ಮೂರು ಬುಟ್ಟಿ ಒಣ ಎಲೆ ಎಂದು ಇಟ್ಟುಕೊಂಡು, ಮುಂದಿನದನ್ನು ಮೂಗಿಗೆ ಬಿಡಬಹುದು. ಅಮೋನಿಯಾದ ಘಾಟು ಬಂದರೆ ಸಾರಜನಕ ಹೆಚ್ಚಾಗಿದೆ, ಒಣ ಪದಾರ್ಥ ಸೇರಿಸಬೇಕು; ಕೊಳೆತ ಮೊಟ್ಟೆಯ ನಾತ ಬಂದರೆ ಗಾಳಿಯಾಡುತ್ತಿಲ್ಲ, ಮಗುಚಿ ಹಾಕಬೇಕು; ಯಾವ ವಾಸನೆಯೂ ಇಲ್ಲದೆ ತಿಂಗಳುಗಟ್ಟಲೆ ಹಾಗೆಯೇ ಬಿದ್ದಿದ್ದರೆ ಅದು ಒಣಗಿದೆ ಅಥವಾ ಹಸಿ ಸಾಲದು. ಹಿಡಿಯಲ್ಲಿ ಹಿಂಡಿದಾಗ ಒಂದೆರಡು ಹನಿಯಷ್ಟೇ ಒಸರಿದರೆ ತೇವ ಸರಿಯಾಗಿದೆ. ಕಳೆಯ ಬೀಜಗಳೂ ರೋಗಾಣುಗಳೂ ಸಾಯಬೇಕೆಂದರೆ ರಾಶಿಯ ಒಡಲು ಕನಿಷ್ಠ 55 ಡಿಗ್ರಿ ಸೆಲ್ಸಿಯಸ್ ಮುಟ್ಟಿ ಕೆಲವು ದಿನ ಅಲ್ಲೇ ನಿಲ್ಲಬೇಕು. ಅಂಚಿನ ಪದಾರ್ಥಕ್ಕೂ ಆ ಕಾವು ತಗುಲುವಂತೆ ಮಗುಚಬೇಕು. ಇದಕ್ಕೆ ರಾಶಿ ಸುಮಾರು ಒಂದು ಘನ ಮೀಟರಿನಷ್ಟಾದರೂ ಇರಬೇಕಾಗುತ್ತದೆ. ಬಕೆಟ್ಟಿನಲ್ಲಿ ಮಾಡುವ ಕಾಂಪೋಸ್ಟ್ ಒಳ್ಳೆಯ ಗೊಬ್ಬರವೇ ಆದರೂ ಅಷ್ಟು ಬಿಸಿಯಾಗುವುದಿಲ್ಲ; ಆದ್ದರಿಂದ ಬೀಜಗಟ್ಟಿದ ಕಳೆ, ರೋಗ ತಗುಲಿದ ಗಿಡಗಳನ್ನು ಅದಕ್ಕೆ ಹಾಕಬಾರದು.

ಹಸಿ ಸಗಣಿ, ಹಿಕ್ಕೆಗಳನ್ನು ನೇರವಾಗಿ ಮಡಿಗೆ ಹಾಕುವವರು, ಮಣ್ಣಿಗೆ ತಾಗುವ ತರಕಾರಿಗಳಾದರೆ ಕೊಯ್ಲಿಗೆ ಕನಿಷ್ಠ 120 ದಿನ ಮೊದಲೇ ಹಾಕಿ ಮುಗಿಸುವುದು ಕ್ಷೇಮ. ಹೊರಗಿನಿಂದ ತಂದ ಗೊಬ್ಬರದಲ್ಲಿ ಕಳೆನಾಶಕದ ಶೇಷವಿರುವ ಸಾಧ್ಯತೆಯೂ ಇದೆ; ಅಮಿನೊಪೈರಾಲಿಡ್‌ನಂತಹ ಕೆಲವು ಕಳೆನಾಶಕಗಳು ಮೇವಿನಿಂದ ದನದ ಹೊಟ್ಟೆಗೆ, ಅಲ್ಲಿಂದ ಸಗಣಿಗೆ ಬಂದರೂ ಕೆಡದೆ ಉಳಿದು ಟೊಮೆಟೊ, ಹುರುಳಿಕಾಯಿಯಂತಹ ಗಿಡಗಳನ್ನು ಮುರುಟಿಸುತ್ತವೆ. ಮಾಗಿದ ಗೊಬ್ಬರ ಬೆರೆಸಿದ ಮಣ್ಣನ್ನು ಒಂದೆರಡು ಕುಂಡಕ್ಕೆ ತುಂಬಿ ಹುರುಳಿಕಾಯಿ ಬೀಜ ಬಿತ್ತಿ, ಪಕ್ಕದಲ್ಲಿ ಗೊಬ್ಬರವಿಲ್ಲದ ಮಣ್ಣಿನಲ್ಲಿಯೂ ಬಿತ್ತಿ ಮೂರು ವಾರ ನೋಡಿದರೆ ತಿಳಿಯುತ್ತದೆ. ಮೊದಲನೆಯದರಲ್ಲಿ ಮಾತ್ರ ಹೊಸ ಎಲೆ ಬಟ್ಟಲಿನಂತೆ ಸುರುಟಿದರೆ ಆ ಗೊಬ್ಬರವನ್ನು ತರಕಾರಿಗೆ ಬಳಸಬಾರದು.

ಉಪ್ಪು, ವಿನೆಗರ್, ಸೋಪು ಬೆರೆಸಿ ಕಳೆಗೆ ಸಿಂಪಡಿಸುವ ಸಲಹೆಯನ್ನು ದಯವಿಟ್ಟು ಇನ್ನು ಮುಂದೆ ಪ್ರಕಟಿಸಬೇಡಿ. ಅಡುಗೆಮನೆಯ ವಿನೆಗರ್ ಎಲೆಯನ್ನು ಸುಡುತ್ತದೆ, ಬೇರನ್ನಲ್ಲ. ಉಪ್ಪು ಮಣ್ಣಿನಲ್ಲೇ ಉಳಿದು ಮುಂದೆ ನೆಡುವ ಗಿಡವನ್ನೂ ಕೊಲ್ಲುತ್ತದೆ.

ಗಿಡದ ವಿಷಯದಲ್ಲಿ ತಪ್ಪಿದರೆ ಒಂದು ಬೆಳೆ ಹೋದೀತು. ಮನೆಯೊಳಗಿನ ಕೆಲಸಗಳಲ್ಲಿ ಹಾಗಲ್ಲ. ಹೆಚ್ಚಾಗಿ ಬೆಳೆದ ತರಕಾರಿಯನ್ನು ಬಾಟಲಿಗೆ ತುಂಬಿ, ಕುದಿಯುವ ನೀರಿನಲ್ಲಿ ಇಟ್ಟು ಮುಚ್ಚಿದರೆ ವರ್ಷವಿಡೀ ಇರುತ್ತದೆ ಎಂಬ ಸಲಹೆ ಇದಕ್ಕೆ ನಿದರ್ಶನ. ಬೊಟುಲಿಸಂ ಎಂಬ ಮಾರಕ ಕಾಯಿಲೆಗೆ ಕಾರಣವಾದ ವಿಷವನ್ನುಂಟುಮಾಡುವ ಬ್ಯಾಕ್ಟೀರಿಯಾ ಮಣ್ಣಿನಲ್ಲೇ ಇರುತ್ತದೆ; ಅದರ ಬೀಜಾಣುಗಳು 100 ಡಿಗ್ರಿಯ ಕುದಿತಕ್ಕೆ ಸಾಯುವುದಿಲ್ಲ, ಮತ್ತು ಗಾಳಿಯಿಲ್ಲದ ಬಾಟಲಿಯೇ ಅವು ಬೆಳೆಯಲು ಅನುಕೂಲವಾದ ಜಾಗ. ಪಿಎಚ್ 4.6ಕ್ಕಿಂತ ಕಡಿಮೆಯಿರುವ, ಅಂದರೆ ಸಾಕಷ್ಟು ಹುಳಿಯಿರುವ ಪದಾರ್ಥಗಳಲ್ಲಿ ಅವು ಮೊಳೆಯಲಾರವು, ಆದ್ದರಿಂದ ಹುಳಿ ಹಣ್ಣುಗಳಿಗೆ ಕುದಿಯುವ ನೀರು ಸಾಕು. ಹುರುಳಿಕಾಯಿ, ಗಜ್ಜರಿ, ಮೆಕ್ಕೆಜೋಳ, ಮಾಂಸ ಇವುಗಳಿಗೆ ಒತ್ತಡದಡಿಯಲ್ಲಿ 116ರಿಂದ 121 ಡಿಗ್ರಿ ಉಷ್ಣತೆ ಮುಟ್ಟಿಸುವ, ಇದಕ್ಕೆಂದೇ ಮಾಡಿದ ಪಾತ್ರೆ ಮತ್ತು ಪರೀಕ್ಷಿತ ಕಾಲಾವಧಿ ಬೇಕು. ಅಂತಹ ಪಾತ್ರೆ ಇಲ್ಲದವರು ಒಣಗಿಸಿ ಅಥವಾ ಫ್ರೀಜರಿನಲ್ಲಿಟ್ಟು ಉಳಿಸಿಕೊಳ್ಳುವುದು ಲೇಸು. ಹಸಿ ಬೆಳ್ಳುಳ್ಳಿಯನ್ನು ಎಣ್ಣೆಯಲ್ಲಿ ಮುಳುಗಿಸಿ ಹೊರಗಿಡುವುದೂ ಇದೇ ಕಾರಣಕ್ಕೆ ಅಪಾಯಕರ. ಅದನ್ನು ಫ್ರಿಜ್ಜಿನಲ್ಲಿಟ್ಟು 4 ದಿನದೊಳಗೆ ಮುಗಿಸಬೇಕು. ಈ ವಿಷಕ್ಕೆ ವಾಸನೆಯಾಗಲಿ ರುಚಿಯಾಗಲಿ ಇರಲೇಬೇಕೆಂದಿಲ್ಲವಾದ್ದರಿಂದ, ‘ಮೂಸಿ ನೋಡಿ ಬಳಸಿ’ ಎಂಬ ಮಾತು ಇಲ್ಲಿ ಸಲ್ಲದು.

ಗುದ್ದಲಿ, ಸನಿಕೆಗಳ ಮರದ ಹಿಡಿಗೆ ಅಗಸೆ ಎಣ್ಣೆ ಸವರಿ ಎಂಬ ಸಲಹೆ ಒಳ್ಳೆಯದೇ. ಸವರಿದ ಬಟ್ಟೆಯನ್ನು ಏನು ಮಾಡಬೇಕೆಂದು ಮಾತ್ರ ಯಾರೂ ಬರೆಯುವುದಿಲ್ಲ. ಆ ಎಣ್ಣೆ ಗಾಳಿಯೊಡನೆ ಸೇರಿ ಒಣಗುವಾಗ ಶಾಖ ಹುಟ್ಟುತ್ತದೆ. ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಆ ಶಾಖ ಒಳಗೇ ಕೂಡಿ, ಕಿಡಿ ಸೋಕದೆಯೂ ಬೆಂಕಿ ಹೊತ್ತಿಕೊಳ್ಳಬಹುದು. ಬಟ್ಟೆಯನ್ನು ಬಯಲಿನಲ್ಲಿ ಹರಡಿ ಒಣಗಿಸಬೇಕು, ಇಲ್ಲವೇ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿ ನೀರಿನಲ್ಲಿ ಮುಳುಗಿಸಿಡಬೇಕು. ಅಂತೆಯೇ ಕುಂಡ, ಕೋಳಿಗೂಡು ತೊಳೆಯುವಾಗ ಬ್ಲೀಚ್ ದ್ರಾವಣಕ್ಕೆ ವಿನೆಗರ್ ಬೆರೆಸಿದರೆ ಕ್ಲೋರಿನ್ ಎಂಬ ವಿಷಾನಿಲ ಹೊಮ್ಮುತ್ತದೆ. ಕೋಳಿಗೂಡಿನ ಹಿಕ್ಕೆಯಲ್ಲಿ ಅಮೋನಿಯಾ ಇರುವುದರಿಂದ ಅದರ ಮೇಲೆ ನೇರವಾಗಿ ಬ್ಲೀಚ್ ಸುರಿಯುವುದೂ ತಪ್ಪು. ಮೊದಲು ಹಿಕ್ಕೆಯನ್ನು ಕೆರೆದು, ಸೋಪು ನೀರಿನಲ್ಲಿ ತೊಳೆದು, ಚೆನ್ನಾಗಿ ಜಾಲಿಸಿದ ಬಳಿಕವಷ್ಟೇ ಬ್ಲೀಚ್ ಬಳಸಬೇಕು.

ಆದ್ದರಿಂದ ನನ್ನ ವಿನಂತಿ ಇಷ್ಟು. ಸಲಹೆ ಕಳುಹಿಸುವವರಿಂದ ಅದರ ಕಾರಣವನ್ನೂ, ಅದು ಯಾವ ಸಂದರ್ಭಕ್ಕೆ ಒಗ್ಗುವುದಿಲ್ಲ ಎಂಬುದನ್ನೂ ಕೇಳಿ ಪಡೆದು, ತಿಳಿದವರಿಗೆ ತೋರಿಸಿ ಪ್ರಕಟಿಸಿ; ಸಲಹೆಗಳ ಸಂಖ್ಯೆ ಅರ್ಧಕ್ಕಿಳಿದರೂ ನಷ್ಟವಿಲ್ಲ. ಪ್ರಶ್ನೆ ಕೇಳುವ ಓದುಗರಿಗಾಗಿ, ಪ್ರಶ್ನೆಯ ಜೊತೆ ಏನೇನು ಬರೆಯಬೇಕೆಂಬ ಸಣ್ಣ ಸೂಚನೆಯನ್ನೂ ಪುಟದ ಮೇಲ್ಭಾಗದಲ್ಲಿ ಹಾಕಬಹುದು: ಮಣ್ಣು ಯಾವ ಬಗೆಯದು, ದಿನಕ್ಕೆಷ್ಟು ಗಂಟೆ ಬಿಸಿಲು ಬೀಳುತ್ತದೆ, ನೀರು ಎಷ್ಟು ದಿನಕ್ಕೊಮ್ಮೆ, ಈಚೆಗೆ ಏನು ಹಾಕಿದ್ದರು. ‘ಎಲೆ ಹಳದಿಯಾಗಿದೆ, ಏನು ಮಾಡಲಿ’ ಎಂದಷ್ಟೇ ಬರೆದರೆ ಯಾವ ತಜ್ಞರೂ ಉತ್ತರಿಸಲಾರರು. ಸಾರಜನಕ, ಮೆಗ್ನೀಸಿಯಂ ಕಡಿಮೆಯಾದಾಗ ಗಿಡ ತನ್ನ ಹಳೆಯ ಎಲೆಗಳಿಂದ ಅವನ್ನು ಹೀರಿ ಚಿಗುರಿಗೆ ಕಳುಹಿಸುವುದರಿಂದ ಕೆಳಗಿನ ಎಲೆಗಳು ಮೊದಲು ಹಳದಿಯಾಗುತ್ತವೆ. ಕಬ್ಬಿಣದ ಅಂಶವನ್ನು ಹಾಗೆ ಸಾಗಿಸಲು ಗಿಡಕ್ಕೆ ಆಗದು, ಹಾಗಾಗಿ ಅದು ಕಡಿಮೆಯಾದಾಗ ಚಿಗುರೆಲೆಗಳೇ ನರಗಳಷ್ಟನ್ನು ಹಸಿರಾಗಿ ಉಳಿಸಿಕೊಂಡು ಹಳದಿಯಾಗುತ್ತವೆ. ಈ ಎರಡನೆಯ ಬಗೆ ಹೆಚ್ಚಾಗಿ ಕ್ಷಾರೀಯ ಮಣ್ಣಿನಲ್ಲಿ ಕಾಣುವಂಥದ್ದು. ಕಬ್ಬಿಣ ಅಲ್ಲಿ ಇದ್ದರೂ ಬೇರಿಗೆ ದಕ್ಕುವುದಿಲ್ಲ, ಅಂತಹ ಗಿಡದ ಬುಡಕ್ಕೆ ಒಲೆಯ ಬೂದಿ ಹಾಕಿದರೆ ಕ್ಷಾರ ಇನ್ನೂ ಏರುತ್ತದೆ. ಹೀಗಿರುವಾಗ ಹಳದಿಯಾದದ್ದು ಮೇಲಿನ ಎಲೆಯೋ ಕೆಳಗಿನದೋ ಎಂಬ ಒಂದು ಮಾತನ್ನಾದರೂ ಪ್ರಶ್ನೆಯ ಜೊತೆ ಬರೆಯುವಂತೆ ಓದುಗರಿಗೆ ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಕೈತೋಟದ ಪುಟದ ಓದುಗ