ಸೈಟು ಭಾಗವಾಯಿತು, ಚರಂಡಿ ಯಾರ ಪಾಲಿಗೆ?

ಬೆಂಗಳೂರಿನ ಮಲ್ಲೇಶ್ವರದ ಶಾಸಕರಿಗೆ ನಮಸ್ಕಾರ.

ಹಳೇ ಸೈಟುಗಳನ್ನು ಭಾಗ ಮಾಡಲು ಬಿಡಬೇಡಿ ಎಂದು ಕೇಳಲು ಈ ಪತ್ರ ಬರೆಯುತ್ತಿಲ್ಲ. ಭಾಗ ಆಗಲೇಬೇಕು. ಅಜ್ಜ ಕೊಂಡ ಜಾಗಕ್ಕೆ ಮೊಮ್ಮಕ್ಕಳ ಕಾಲಕ್ಕೆ ನಾಲ್ಕೈದು ಹಕ್ಕುದಾರರು ಇರುತ್ತಾರೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂದು 2005ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ತಂಗಿ ಪಾಲು ಕೇಳಿದರೆ ಬೀದಿಯಲ್ಲಿ ಈಗಲೂ ಗುಸುಗುಸು ಏಳುತ್ತದೆ, ಅದು ಬೇರೆ ಮಾತು.

ನನ್ನ ತಕರಾರು ಇಷ್ಟೇ. ಭಾಗ ಆಗುವಾಗ ಎಲ್ಲರೂ ನೋಡುವುದು ಬರೀ ಕಾಗದ. ವಿಭಾಗ ಪತ್ರ ರಿಜಿಸ್ಟರ್ ಆಗಿದೆಯಾ, ತೆರಿಗೆ ಕಟ್ಟಿದ್ದಾರಾ, ಸರಿ, ಪಾಲಿಕೆಯ ಆಸ್ತಿ ದಾಖಲೆಯಲ್ಲಿ ಖಾತೆ ಎರಡು ಮಾಡಿ. ಹಿಂದಿನ ಮನೆಯವರು ರಸ್ತೆಗೆ ಹೇಗೆ ಬರುತ್ತಾರೆ, ನೆಲದ ಕೆಳಗೆ ಪೈಪು ಎಲ್ಲಿ ಹೋಗಿದೆ ಅಂತ ಕೇಳುವವರಿಲ್ಲ.

ನಮ್ಮ ಪಕ್ಕದ ಕ್ರಾಸಿನ ಒಂದು ಫಾರ್ಟಿ-ಸಿಕ್ಸ್‌ಟಿ (40x60 ಅಡಿ) ಸೈಟಿನ ಕಥೆ ಕೇಳಿ. ಅಣ್ಣನಿಗೆ ಮುಂಭಾಗ, ತಂಗಿಗೆ ಹಿಂಭಾಗ. 'ಹಿಂಭಾಗದವರಿಗೆ ಓಡಾಡಲು ದಾರಿ ಬಿಟ್ಟಿದೆ' ಎಂದು ಪತ್ರದಲ್ಲಿದೆ. ಎಷ್ಟು ಅಡಿ? ಬರೆದಿಲ್ಲ. ಒಡಹುಟ್ಟಿದವರ ನಡುವೆ ಟೇಪು ಹಿಡಿಯುವುದು ಯಾಕೆ ಅಂದುಕೊಂಡಿರಬೇಕು. ಅಣ್ಣ ತೀರಿಕೊಂಡ ಮೇಲೆ ಮಕ್ಕಳು ಮುಂಭಾಗ ಮಾರಿದರು. ಕೊಂಡವರು ಹಳೇ ಮನೆ ಒಡೆದು ಪಾಯ ತೋಡಿಸುವಾಗ ಜೆಸಿಬಿಗೆ ಸಿಕ್ಕಿ ಒಂದು ಹಳೇ ಮಣ್ಣಿನ ಪೈಪು ಪುಡಿಯಾಯಿತು. ಹಿಂದಿನ ಮನೆಯ ಕೊಳಚೆಯೆಲ್ಲ ಅದರಲ್ಲೇ, ಮುಂದಿನ ಮನೆಯ ಅಡುಗೆಮನೆ ಕೆಳಗಿಂದ, ರಸ್ತೆಯ ಮ್ಯಾನ್‌ಹೋಲಿಗೆ ಹೋಗುತ್ತಿತ್ತು. ಕೊಂಡವರನ್ನು ಬೈದು ಪ್ರಯೋಜನ ಇಲ್ಲ, ಅವರ ಪತ್ರದಲ್ಲಿ ಪೈಪಿನ ಸುದ್ದಿಯೇ ಇರಲಿಲ್ಲ. ಆದರೆ ಹಿಂದಿನ ಮನೆಯಲ್ಲಿ ಬಚ್ಚಲ ನೀರು ವಾಪಸ್ ಏಳತೊಡಗಿತು. ಹೊಸ ಪೈಪು ಹಾಕೋಣ ಎಂದರೆ ದಾರಿಯ ಅಡಿಯಲ್ಲಿ ಆಗಲೇ ಮುಂದಿನವರ ಸಂಪು ಬಂದಿದೆ. ದಾರಿ ಈಗ ಎರಡೂವರೆ ಅಡಿ. ಗ್ಯಾಸ್ ತರುವ ಹುಡುಗ ಸಿಲಿಂಡರ್ ಹೆಗಲಿಗೇರಿಸಿ ಅಡ್ಡಡ್ಡ ನಡೆದು ಬರುತ್ತಾನೆ. ಆ ಮನೆಯ ಅಜ್ಜಿಗೆ ಎಪ್ಪತ್ತು ದಾಟಿದೆ. ರಾತ್ರಿ ಸ್ಟ್ರೆಚರ್ ಬೇಕಾದರೆ ಏನು ಮಾಡುವುದು, ನೀವೇ ಹೇಳಿ.

ಮನೆಗಳ ಬೆನ್ನಿಗೆ ಹೊಲಸು ಸಾಗಿಸಲು ಬಿಟ್ಟ ಕನ್ಸರ್ವೆನ್ಸಿ ಓಣಿ ಇದೆಯಲ್ವಾ, ಅತ್ತ ಬಾಗಿಲು ತೆಗೆಯಲಿ ಅನ್ನಬಹುದು. 1898ರ ಪ್ಲೇಗ್ ಪೇಟೆಯ ಇಕ್ಕಟ್ಟಿನಲ್ಲಿ ಜನರನ್ನು ಬಲಿ ತೆಗೆದುಕೊಂಡ ಮೇಲೆ ಮಲ್ಲೇಶ್ವರ, ಬಸವನಗುಡಿ ಬೆಳೆದವು. ಮನೆಮನೆಗೆ ಗಾಳಿ ಬೆಳಕು ಇರಲಿ, ಹೊಲಸು ಹಿಂದಿನಿಂದಲೇ ಹೋಗಲಿ ಎಂದು ಓಣಿ ಬಿಟ್ಟರು. ಈಗ ಎಷ್ಟೋ ಓಣಿಗಳಲ್ಲಿ ಕಟ್ಟಡ ಒಡೆದ ಮಣ್ಣಿನ ಗುಡ್ಡೆ ಇದೆ, ಕೆಲವು ಕಡೆ ಕಾಂಪೌಂಡೇ ಮುಂದಕ್ಕೆ ಬಂದಿದೆ. ಯಾವ ಓಣಿ ಹಿಂದಿನ ಮನೆಗಳಿಗೆ ದಾರಿಯಾಗಬಲ್ಲದು, ಯಾವುದರಲ್ಲಿ ಒಳಚರಂಡಿ ಎಳೆಯಬಹುದು ಎಂದು ಒಮ್ಮೆ ಸರ್ವೆ ಮಾಡಿಸಿ. ಇಷ್ಟು ಹಳೇ ಬಡಾವಣೆಯಲ್ಲಿ ಹೊಸದಾಗಿ ಜಾಗ ಹುಟ್ಟುವುದಿಲ್ಲ, ಇರುವುದೇ ಆ ಓಣಿ.

ಮಳೆ ನೀರಿನ ಲೆಕ್ಕವೂ ಒಂದಿದೆ. ಜಲಮಂಡಳಿಯ 2009ರ ನಿಯಮದ ಪ್ರಕಾರ 1200 ಚದರ ಅಡಿ ಮತ್ತು ಮೇಲ್ಪಟ್ಟ ಸೈಟಿನಲ್ಲಿ ಹೊಸ ಮನೆ ಕಟ್ಟಿದರೆ ಮಳೆ ನೀರು ಕೊಯ್ಲು ಕಡ್ಡಾಯ. ಹಳೇ ಮನೆಗೆ ಮಿತಿ 2400. ಹಾಗಾದರೆ 2400 ಚದರ ಅಡಿಯ ಸೈಟನ್ನು ಮೂರು ಮಾಡಿ. ತಲಾ 800. ಯಾರಿಗೂ ನಿಯಮ ತಟ್ಟುವುದಿಲ್ಲ! ಬೀಳುವ ಮಳೆ ಅಷ್ಟೇ, ಹೀರಿಕೊಳ್ಳುವ ಮಣ್ಣು ಮಾತ್ರ ಕಾಂಕ್ರೀಟಿನ ಅಡಿಗೆ ಹೋಯಿತು. ಮೂಲ ಸೈಟಿನ ಅಳತೆ ಹಿಡಿದೇ ನಿಯಮ ಅನ್ವಯಿಸಬೇಕು ಎಂದು ಸದನದಲ್ಲಿ ಒಂದು ಮಾತು ಎತ್ತಿ.

ಮುಖ್ಯ ಬೇಡಿಕೆಗೆ ಬರುತ್ತೇನೆ. ಖಾತೆ ಭಾಗ ಮಾಡುವ ಮೊದಲು ಇಂಜಿನಿಯರ್ ಒಬ್ಬರು ಜಾಗಕ್ಕೆ ಬಂದು ಚರಂಡಿ ಚೇಂಬರಿನ ಮುಚ್ಚಳ ತೆಗೆಸಿ ನೋಡಲಿ. ದಾರಿ ಎಷ್ಟು ಅಡಿ, ಚರಂಡಿ ಪೈಪು ಎಲ್ಲಿ, ಕಾವೇರಿ ನೀರಿನ ಪೈಪು ಎಲ್ಲಿ ಎಂದು ನಕ್ಷೆ ಬರೆದು ಎಲ್ಲ ಪಾಲುದಾರರ ಸಹಿ ಹಾಕಿಸಿ, ಪ್ರತಿ ಭಾಗದ ಖಾತೆಗೂ ಸೇರಿಸಲಿ. ಹೇಗೂ ಎಲ್ಲರೂ ಇ-ಖಾತೆ (ಆನ್‌ಲೈನ್ ಖಾತೆ) ಮಾಡಿಸಿ ಎಂದು ಸರ್ಕಾರ ಹೇಳುತ್ತಿದೆ, ಜೊತೆಗೆ ಒಂದು ನಕ್ಷೆ ಹೋಗಲಿ. ನಾಳೆ ಕೊಳ್ಳುವವರ ಕಣ್ಣಿಗೂ ಅದು ಬೀಳುತ್ತದೆ. ಮನಸ್ತಾಪವಿಲ್ಲದೆ ಎಲ್ಲರೂ ಒಟ್ಟಿಗೆ ಸಹಿ ಹಾಕುವುದು ಪಾಲಾಗುವ ಆ ಹೊತ್ತಿನಲ್ಲಿ ಮಾತ್ರ. ಆಮೇಲೆ ಸಿವಿಲ್ ಕೋರ್ಟೇ ಗತಿ.

ಇನ್ನೊಂದು ತಪಾಸಣೆ ಅಂದರೆ ಇನ್ನೊಬ್ಬರ ಕೈ ಬೆಚ್ಚಗೆ ಮಾಡಬೇಕು ಅಂತ ಜನ ಹೆದರುತ್ತಾರೆ. ಸುಮ್ನೆ ಹೆದರುವುದಲ್ಲ, ಅನುಭವ ಜಾಸ್ತಿ ಇದೆ. ಅದಕ್ಕೇ ಗಡುವು ಇರಲಿ. ಅರ್ಜಿ ಹಾಕಿ ಹದಿನೈದು ದಿನದಲ್ಲಿ ಇಂಜಿನಿಯರ್ ಬಾರದಿದ್ದರೆ, ಲೈಸೆನ್ಸ್ ಇರುವ ಸರ್ವೇಯರ್ ಬರೆದ ನಕ್ಷೆಯನ್ನೇ ಒಪ್ಪಬೇಕು.

2025ರ ಸೆಪ್ಟೆಂಬರಿನಲ್ಲಿ ಬೆಂಗಳೂರಿಗೆ ಒಂದೇ ಇದ್ದ ಪಾಲಿಕೆ ಐದಾಯಿತು. ಹೊಸ ಪಾಲಿಕೆಗಳು ನಿಯಮ ಕೂಡಿಸಿಕೊಳ್ಳುವ ಈ ಹೊತ್ತಿನಲ್ಲೇ ಇದನ್ನೂ ಸೇರಿಸುವುದು ಸುಲಭ. ನಿಮ್ಮ ಮುಂದಿನ ಅಹವಾಲು ಸಭೆಗೆ ಕಂದಾಯದವರನ್ನೂ ಜಲಮಂಡಳಿಯವರನ್ನೂ ಒಟ್ಟಿಗೇ ಕರೆಸಿ. ಬೇರೆ ಬೇರೆ ಕರೆದರೆ ಒಬ್ಬರು ಇನ್ನೊಬ್ಬರತ್ತ ಕೈ ತೋರಿಸುತ್ತಾರೆ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ