ಮಗಳಿಗೊಂದು ಪತ್ರ: ಮೊದಲು ಇಬ್ಬರ ವರದಿಯೂ ಬರಲಿ

ಚಿ. ಸೌ. ಪುಟ್ಟಿಗೆ ಹಾಸನದಿಂದ ಅಮ್ಮ ಮಾಡುವ ಆಶೀರ್ವಾದಗಳು. ನಾವಿಲ್ಲಿ ಕ್ಷೇಮ.

ಮೊನ್ನೆ ನೀನು ಫೋನಿನಲ್ಲಿ ಕೇಳಿದ ಮಾತಿಗೆ ‘ಆಮೇಲೆ ಹೇಳುತ್ತೇನೆ’ ಎಂದು ಇಟ್ಟುಬಿಟ್ಟೆ. ಪಕ್ಕದಲ್ಲಿ ನಿನ್ನ ಚಿಕ್ಕಮ್ಮ ಕುಳಿತಿದ್ದಳು. ಅವಳ ಕಿವಿಗೆ ಬಿದ್ದ ಸುದ್ದಿ ಹೊಳೆನರಸೀಪುರ ಮುಟ್ಟಲು ಒಂದು ಸಂಜೆ ಸಾಕು. ಅದಕ್ಕೇ ಈ ಪತ್ರ. ಓದಿ ಮಡಿಸಿಡಬೇಡ, ಅಳಿಯಂದಿರಿಗೂ ಕೊಡು. ಅರ್ಧ ಪತ್ರ ಅವರಿಗೇ ಸೇರಬೇಕಾದದ್ದು.

ಆದ ಬಸಿರು ನಿಲ್ಲದೆ ಹೋದ ಮೇಲೆ ಕ್ಲಿನಿಕ್ಕಿನವರು ‘ಇನ್ನು ಕಾಯುವುದು ಬೇಡ, ಈ ತಿಂಗಳೇ ಐವಿಎಫ್ ಶುರು ಮಾಡೋಣ’ ಎನ್ನುತ್ತಾರೆ, ಅಂದರೆ ಅಂಡಾಣು, ವೀರ್ಯಾಣುಗಳನ್ನು ಪ್ರಯೋಗಾಲಯದಲ್ಲಿ ಕೂಡಿಸಿ ಭ್ರೂಣವನ್ನು ಒಳಗಿಡುವ ಚಿಕಿತ್ಸೆ. ಅಳಿಯಂದಿರು ‘ಒಮ್ಮೆ ತಾನಾಗಿ ಆಗಿದೆಯಲ್ಲ, ಇನ್ನೊಮ್ಮೆಯೂ ಆಗುತ್ತದೆ’ ಎನ್ನುತ್ತಾರೆ. ಯಾರ ಮಾತು ಕೇಳಲಿ ಎಂಬುದು ನಿನ್ನ ಪ್ರಶ್ನೆ. ಸದ್ಯಕ್ಕೆ ಇಬ್ಬರದೂ ಬೇಡ. ಇಬ್ಬರ ಕೈಯಲ್ಲೂ ಪೂರ್ತಿ ವರದಿಗಳಿಲ್ಲ. ಪ್ರಯೋಗಾಲಯದಲ್ಲಿ ಕೆಲಸ ಮಾಡಿ ನಿವೃತ್ತಳಾದವಳಿಗೆ ಇದು ಬಿಟ್ಟು ಇನ್ನೇನು ಹೊಳೆದೀತು ಎಂದು ನಗಬೇಡ.

ಆಗಿಹೋದದ್ದರ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ನೀನು ಸ್ಕೂಟರಿನಲ್ಲಿ ಕಚೇರಿಗೆ ಓಡಾಡಿದ್ದೇ ಕಾರಣ ಎಂದು ಬೀಗಿತ್ತಿಯವರು ಹೇಳಿದರಂತೆ. ಇಲ್ಲಿ ನಮ್ಮ ಬೀದಿಯವರಿಗೆ ಪರಂಗಿಹಣ್ಣಿನ ಮೇಲೆ ಅನುಮಾನ. ಕುಕ್ಕೆಗೆ ಹೋಗಿ ಸರ್ಪಸಂಸ್ಕಾರ ಮಾಡಿಸಿ ಎಂದು ಹೇಳಿಹೋದವರೂ ಇದ್ದಾರೆ. ಪೂಜೆ ಮಾಡಿಸಲು ನನ್ನ ಅಡ್ಡಿಯಿಲ್ಲ, ದೋಷ ನಿನ್ನದೆಂದು ಒಪ್ಪಿಕೊಂಡು ಮಾಡಿಸಲು ಅಡ್ಡಿಯಿದೆ. ಗೊತ್ತಾದ ಬಸಿರುಗಳಲ್ಲಿ ನೂರಕ್ಕೆ 10ರಿಂದ 15 ನಿಲ್ಲುವುದಿಲ್ಲ; ಹೆಚ್ಚಿನವು ಮೊದಲ ಮೂರು ತಿಂಗಳಲ್ಲೇ ಹೋಗುತ್ತವೆ. ಹಾಗೆ ಹೋದವುಗಳಲ್ಲಿ ಸುಮಾರು ಅರ್ಧಕ್ಕೆ ಭ್ರೂಣದ ವರ್ಣತಂತುಗಳ (ಕ್ರೋಮೋಸೋಮ್‌ಗಳ) ಸಂಖ್ಯೆ ಏರುಪೇರಾದದ್ದೇ ಕಾರಣ. ಅಂಡಾಣು, ವೀರ್ಯಾಣು ಕೂಡುವ ಹೊತ್ತಿಗೇ ಬಹುಮಟ್ಟಿಗೆ ತೀರ್ಮಾನವಾಗುವ ಸಂಗತಿ ಅದು. ಅದರಲ್ಲಿ ಸ್ಕೂಟರಿನದೂ ಪರಂಗಿಯದೂ ಪಾತ್ರವಿಲ್ಲ. ಒಮ್ಮೆ ಹೀಗಾದವರಲ್ಲಿ ಹೆಚ್ಚಿನವರಿಗೆ ಮುಂದಿನ ಬಸಿರು ನಿಲ್ಲುತ್ತದೆ. ಮೂರು ಸಲ, ಅದಕ್ಕಿಂತ ಹೆಚ್ಚು ಸಲ ಕಳೆದುಕೊಳ್ಳುವವರು ನೂರಕ್ಕೆ ಒಬ್ಬರು. ಇದನ್ನು ಬೀಗಿತ್ತಿಯವರಿಗೆ ನೀನು ಹೇಳುವುದು ಬೇಡ. ಅವರ ಮಗ ಹೇಳಲಿ.

ಇನ್ನು ನಿನ್ನ ಪ್ರಶ್ನೆ. ಬಸಿರಾಗಲು ತಡವಾದದ್ದು ಒಂದು, ಆದ ಬಸಿರು ನಿಲ್ಲದೆ ಹೋದದ್ದು ಇನ್ನೊಂದು. ದುಃಖದಲ್ಲಿ ನೀನು ಎರಡನ್ನೂ ಸೇರಿಸಿ ಒಂದೇ ಮಾಡಿಕೊಂಡಿದ್ದೀಯೆ. ಐವಿಎಫ್ ಇರುವುದು ಮೊದಲನೆಯದಕ್ಕೆ. ಅಲ್ಲಿ ಕೂಡಿಸಿದ ಭ್ರೂಣದಲ್ಲೂ ವರ್ಣತಂತು ಹೆಚ್ಚುಕಡಿಮೆಯಾಗುತ್ತದೆ, ಆ ಬಸಿರೂ ನಿಲ್ಲದೆ ಹೋಗುವುದುಂಟು. ಹಾಗಾಗಿ ‘ಮತ್ತೆ ಹೀಗಾಗಬಾರದು, ಅದಕ್ಕೇ ಐವಿಎಫ್’ ಎಂಬ ನಿನ್ನ ಲೆಕ್ಕ ನನಗೆ ಒಪ್ಪಿಗೆಯಾಗಲಿಲ್ಲ. ಅಳಿಯಂದಿರ ಲೆಕ್ಕವೂ ಪೂರ್ತಿ ಸರಿಯಲ್ಲ. ಮೊದಲ ಸಲ ಬಸಿರಾಗಲು ನಿಮಗೆ ಒಂದು ವರ್ಷಕ್ಕೂ ಹೆಚ್ಚು ಹಿಡಿಯಿತು. ಬರುವ ಶ್ರಾವಣಕ್ಕೆ ನಿನಗೆ 35 ತುಂಬುತ್ತದೆ. 35ರ ಒಳಗಿದ್ದರೆ ಒಂದು ವರ್ಷ, ದಾಟಿದ್ದರೆ ಆರು ತಿಂಗಳು ಪ್ರಯತ್ನಿಸಿ, ಆಗದಿದ್ದರೆ ಪರೀಕ್ಷೆಗೆ ಬನ್ನಿ ಎಂದು ವೈದ್ಯರು ಹೇಳುತ್ತಾರೆ. ಆ ಗಡಿಯ ಮೇಲೆ ನಿಂತಿರುವಾಗ ಏನನ್ನೂ ತಿಳಿದುಕೊಳ್ಳದೆ ಸುಮ್ಮನೆ ಕಾಯುತ್ತ ಕುಳಿತರೆ ಅದನ್ನು ತಾಳ್ಮೆ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅಳಿಯಂದಿರಿಗೆ ಸೇರಿದ ಭಾಗ ಇಲ್ಲಿಂದ. ಪುಟ್ಟಿ, ನಿನ್ನ ಫೈಲಿನಲ್ಲಿ ನಿನ್ನ ರಕ್ತಪರೀಕ್ಷೆಗಳಿವೆ, ಸ್ಕ್ಯಾನಿಂಗ್ ಇದೆ, ಅಂಡನಾಳದ ಎಕ್ಸ್‌ರೇಗೆ ಚೀಟಿಯೂ ಬರೆದಿದ್ದಾರೆ. ಅವರದು ಒಂದು ಹಾಳೆಯೂ ಇಲ್ಲ. ಕೆಲಸದಲ್ಲಿದ್ದ ಕಾಲವಿಡೀ ನಾನು ಇದನ್ನೇ ನೋಡಿದೆ. ವೀರ್ಯ ಪರೀಕ್ಷೆಯ ಡಬ್ಬಿ ತರುತ್ತಿದ್ದವರು ಹೆಂಗಸರೇ. ದಿನಪತ್ರಿಕೆಯಲ್ಲಿ ಸುತ್ತಿ, ಸೆರಗಿನ ಮರೆಯಲ್ಲಿಟ್ಟುಕೊಂಡು ಬರುವರು. ಗಂಡ ಗೇಟಿನ ಆಚೆ ಬೈಕಿನ ಮೇಲೆ. ಡಬ್ಬಿಯ ಮೇಲೆ ಬರೆಯಲು ಹೆಸರು ಕೇಳಿದರೆ ಎಷ್ಟೋ ಜನ ತಮ್ಮ ಹೆಸರನ್ನೇ ಹೇಳುತ್ತಿದ್ದರು. ‘ಅಮ್ಮಾ, ಇದಕ್ಕೆ ನಿಮ್ಮ ಯಜಮಾನರ ಹೆಸರು ಬೇಕು’ ಎಂದರೆ ಗೇಟಿನ ಕಡೆ ತಿರುಗಿ ನೋಡಿ ದನಿ ಇಳಿಸುವರು. ಅವರ ಫೈಲುಗಳು ದಪ್ಪಗಿರುತ್ತಿದ್ದವು. ಹೆಂಡತಿಗೆ ಎಲ್ಲ ಪರೀಕ್ಷೆ ಮುಗಿದು, ಕೆಲವರಿಗೆ ಆಪರೇಷನ್ ಕೂಡ ಆಗಿ, ಕೊನೆಯಲ್ಲಿ ಈ ಡಬ್ಬಿ ಬರುತ್ತಿತ್ತು. ಮಾದರಿ ನೀರಾಗಲು ಅರ್ಧ ಗಂಟೆ ಬಿಟ್ಟು, ಒಂದು ಹನಿಯನ್ನು ಗೆರೆ ಕೊರೆದ ಗಾಜಿನ ಮೇಲೆ ಹಾಕಿ, ಸೂಕ್ಷ್ಮದರ್ಶಕದಡಿ ಚೌಕ ಚೌಕವಾಗಿ ಎಣಿಸುವುದು ನನ್ನ ಕೆಲಸ. ಎಷ್ಟಿವೆ, ಎಷ್ಟು ಓಡುತ್ತಿವೆ, ಎಷ್ಟು ಇದ್ದಲ್ಲೇ ಬಾಲ ಅಲ್ಲಾಡಿಸುತ್ತಿವೆ. ನೋವಿಲ್ಲದ, ಅಗ್ಗದ ಪರೀಕ್ಷೆ. ಮಕ್ಕಳಾಗುವುದು ತಡವಾದ ಜೋಡಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಗಂಡಿನ ಕಾರಣವೂ ಬೆರೆತಿರುತ್ತದೆ.

‘ಒಮ್ಮೆ ಆಗಿದೆಯಲ್ಲ, ನನಗೆ ಯಾಕೆ’ ಎಂದು ಅವರು ಕೇಳಬಹುದು. ಎಣಿಕೆ ಕಡಿಮೆಯಿದ್ದರೂ ಬಸಿರಾಗುತ್ತದೆ, ತಡವಾಗಿ ಆಗುತ್ತದೆ. ನಿಮಗೂ ತಡವಾಗಿಯೇ ಆಯಿತು. ವರದಿ ಚೆನ್ನಾಗಿ ಬಂದರೆ ಒಂದು ಚಿಂತೆ ಹೋಯಿತು. ಕಡಿಮೆ ಬಂದರೆ ಗಾಬರಿ ಬೇಡ. ವೀರ್ಯಾಣು ತಯಾರಾಗಲು ಎರಡೂವರೆ ತಿಂಗಳ ಸುಮಾರು ಬೇಕು, ಜ್ವರ ಬಂದುಹೋಗಿದ್ದರೂ ಎಣಿಕೆ ಇಳಿದಿರುತ್ತದೆ, ಅದಕ್ಕೇ ಇನ್ನೊಮ್ಮೆ ಮಾಡಿಸುತ್ತಾರೆ. ಸಿಗರೇಟಿನ ವಿಷಯ ನನಗೆ ಗೊತ್ತಿಲ್ಲ ಎಂದುಕೊಂಡಿದ್ದಾರೆ. ಗೊತ್ತಿದೆ.

ನಿನ್ನ ಕಡೆಯದರಲ್ಲಿ ಥೈರಾಯ್ಡ್ ಮುಖ್ಯ. ಮದುವೆಗೆ ಮುಂಚಿನಿಂದಲೂ ಮಾತ್ರೆ ನುಂಗುತ್ತಿದ್ದೀಯೆ. ಹಾಗೆ ಮಾತ್ರೆಯಲ್ಲಿರುವವರು ಬಸಿರಾಗಬೇಕೆಂದರೆ ಥೈರಾಯ್ಡ್ ರಕ್ತಪರೀಕ್ಷೆಯ ಟಿಎಸ್‌ಎಚ್ ಅಂಕಿಯನ್ನು 2.5ರ ಕೆಳಗೆ ತರಲು ವೈದ್ಯರು ನೋಡುತ್ತಾರೆ. ನೀನು ಕಳಿಸಿದ ವರದಿಯಲ್ಲಿ ಅದು ಮೇಲಿದೆ, ಅದರ ಬಗ್ಗೆ ಕ್ಲಿನಿಕ್ಕಿನವರು ಮಾತೇ ಎತ್ತಿಲ್ಲ. ಎತ್ತಿದ್ದು ಉಳಿದಿರುವ ಅಂಡಗಳ ಅಂದಾಜು ಕೊಡುವ ಎಎಂಎಚ್ ಎಂಬ ರಕ್ತಪರೀಕ್ಷೆ ಒಂದನ್ನೇ. ‘ನಿಮ್ಮ ಅಂಡಗಳು ಮುಗಿಯುತ್ತಿವೆ’ ಎಂದರಂತೆ, ನೀನು ರಾತ್ರಿಯೆಲ್ಲ ಅಳುತ್ತಿದ್ದೆಯಂತೆ. ಇಂಜೆಕ್ಷನ್ ಕೊಟ್ಟರೆ ಎಷ್ಟು ಅಂಡ ಸಿಗಬಹುದೆಂದು ಅಂದಾಜು ಮಾಡಲು ಆ ಅಂಕಿ ಬೇಕು. ತಾನಾಗಿ ಬಸಿರಾಗುತ್ತದೋ ಇಲ್ಲವೋ ಎಂಬುದನ್ನು ಅದು ಹೇಳುವುದಿಲ್ಲ. 2017ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ 30ರಿಂದ 44 ವಯಸ್ಸಿನ ಹೆಂಗಸರನ್ನು ಗಮನಿಸಿದಾಗ ಎಎಂಎಚ್ ಕಡಿಮೆಯಿದ್ದವರೂ ಉಳಿದವರಷ್ಟೇ ಬಸಿರಾದರು. ಒಂದು ಅಂಕಿಯನ್ನು ತೋರಿಸಿ ಹೆದರಿಸುವವರನ್ನು ಕಂಡರೆ ನನಗೆ ಹಳೆಯ ಸಿಟ್ಟು.

ಅಂಡನಾಳದ ಎಕ್ಸ್‌ರೇ ಮಾಡಿಸು, ಮುಂದೂಡಬೇಡ. ಮುಟ್ಟು ನಿಂತ ಕೆಲವೇ ದಿನಗಳಲ್ಲಿ ಮಾಡುತ್ತಾರೆ, ಸ್ವಲ್ಪ ನೋವಾಗುತ್ತದೆ, ಜೊತೆಗೆ ಯಾರಾದರೂ ಇರಲಿ. ಎರಡೂ ನಾಳ ಮುಚ್ಚಿದ್ದರೆ, ಇಲ್ಲವೇ ಅಳಿಯಂದಿರ ಎಣಿಕೆ ತೀರಾ ಕಡಿಮೆಯಿದ್ದರೆ, ಕಾಯುವ ಮಾತೇ ಬೇಡ. ಆಗ ಐವಿಎಫ್ ಎಂದರೆ ನಾನೇ ಮೊದಲು ಹೂಂ ಎನ್ನುತ್ತೇನೆ.

ಎಲ್ಲವೂ ಸರಿಯಿದ್ದರೆ? ನನ್ನ ಮನಸ್ಸು ಆರು ತಿಂಗಳು ನೀವೇ ಪ್ರಯತ್ನಿಸಿ ಎನ್ನುತ್ತದೆ. ‘ಗರ್ಭಕೋಶಕ್ಕೆ ವಿಶ್ರಾಂತಿ ಬೇಕು, ಆರು ತಿಂಗಳು ಬಿಡಿ’ ಎಂದು ಹಿರಿಯರು ಹೇಳುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯೂ 2005ರಲ್ಲಿ ಆರು ತಿಂಗಳು ಬಿಡಿ ಎಂದೇ ಹೇಳಿತ್ತು. ಆಮೇಲೆ 2010ರಲ್ಲಿ ಸ್ಕಾಟ್ಲೆಂಡಿನ ಮೂವತ್ತು ಸಾವಿರ ಹೆಂಗಸರ ದಾಖಲೆಗಳನ್ನು ನೋಡಿದಾಗ ಆರು ತಿಂಗಳೊಳಗೆ ಬಸಿರಾದವರಿಗೆ ತೊಂದರೆ ಹೆಚ್ಚೇನೂ ಆಗಿರಲಿಲ್ಲ, ಕಡಿಮೆಯೇ ಆಗಿತ್ತು. ಒಂದು ಮುಟ್ಟು ಬಂದುಹೋಗಲಿ, ದಿನದ ಲೆಕ್ಕಕ್ಕೆ ಅನುಕೂಲ. ಈಗಲೇ ಮನೆಯಲ್ಲಿ ಕಿಟ್ ಇಟ್ಟು ನೋಡಬೇಡ. ಹಳೆಯ ಬಸಿರಿನ ಹಾರ್ಮೋನು ರಕ್ತದಿಂದ ಪೂರ್ತಿ ಇಳಿಯಲು ವಾರಗಳು ಬೇಕು, ಎರಡು ಗೆರೆ ಕಂಡು ಇನ್ನೊಮ್ಮೆ ಮನಸ್ಸು ಕೆಡಿಸಿಕೊಳ್ಳುವೆ.

ಅಮ್ಮ ಇದನ್ನೆಲ್ಲ ಬರೆಯುವುದೇ ಎಂದು ನಾಚಿಕೊಳ್ಳಬೇಡ, ಬರೆದುಬಿಡುತ್ತೇನೆ. ಅಂಡಾಣು ಬಿಡುಗಡೆಯಾದ ಮೇಲೆ ಬದುಕುವುದು ಹೆಚ್ಚೆಂದರೆ ಒಂದು ದಿನ. ವೀರ್ಯಾಣು ಐದು ದಿನದವರೆಗೂ ಇರುತ್ತದೆ. ಆದ್ದರಿಂದ ಅಂಡ ಬಿಡುವ ದಿನಕ್ಕಿಂತ ಅದರ ಹಿಂದಿನ ದಿನಗಳೇ ಮುಖ್ಯ. ಮುಟ್ಟಿನ ಹದಿನಾಲ್ಕನೆಯ ದಿನ ಎಂದು ಎಲ್ಲರೂ ಹೇಳುತ್ತಾರೆ, ಅದು 28 ದಿನದ ಸುತ್ತಿನವರಿಗೆ. ನಿನ್ನದು 32ಕ್ಕೆ ಹೋಗುತ್ತದೆ, ಅಂದರೆ ನಿನಗೆ ಹದಿನೆಂಟನೆಯ ದಿನದ ಆಸುಪಾಸು. ಕ್ಯಾಲೆಂಡರ್ ನೋಡಿ ನೋಡಿ ಬೇಸರವಾಗಿದ್ದರೆ ಅದನ್ನು ಗೋಡೆಗೇ ಬಿಡಿ. ಎರಡು ಮೂರು ದಿನಕ್ಕೊಮ್ಮೆ ಕೂಡಿದರೆ ಯಾವ ಲೆಕ್ಕವೂ ಬೇಡ. ದಿನಕ್ಕೆ 400 ಮೈಕ್ರೋಗ್ರಾಂ ಫಾಲಿಕ್ ಆಮ್ಲದ ಮಾತ್ರೆ ತಪ್ಪಿಸಬೇಡ.

ನಿನ್ನ ಅಪ್ಪನಿಗೆ ಈ ಆರು ತಿಂಗಳ ಮಾತು ಹಿಡಿಸಿಲ್ಲ. ‘ಹೂಮಳೆ ಬಾರದಿದ್ದರೆ ತೋಟಕ್ಕೆ ಸ್ಪ್ರಿಂಕ್ಲರ್ ಹಾಕುವುದಿಲ್ಲವೇ, ಇದೂ ಹಾಗೇ’ ಎನ್ನುತ್ತಾರೆ. ಕಾಫಿ ಗಿಡಕ್ಕೆ ಹೊಟ್ಟೆಗೆ ಇಂಜೆಕ್ಷನ್ ಚುಚ್ಚುವುದಿಲ್ಲ, ಅರಿವಳಿಕೆ ಕೊಡುವುದಿಲ್ಲ, ಕೇಳುವ ಅತ್ತೆಯೂ ಇಲ್ಲ ಎಂದೆ. ಸುಮ್ಮನಾದರು. ಹತ್ತು ಹನ್ನೆರಡು ದಿನ ಇಂಜೆಕ್ಷನ್, ನಡುನಡುವೆ ಸ್ಕ್ಯಾನ್, ಅರಿವಳಿಕೆಯಲ್ಲಿ ಅಂಡ ತೆಗೆಯುವುದು, ಭ್ರೂಣ ಐದು ದಿನ ಬೆಳೆಯಿತೋ ಇಲ್ಲವೋ ಎಂದು ಫೋನಿಗೆ ಕಾಯುವುದು, ಒಳಗಿಟ್ಟ ಮೇಲೆ ಮತ್ತೆ ಎರಡು ವಾರ. 35ರ ಒಳಗಿನವರಲ್ಲೂ ಒಂದು ಸಲ ಭ್ರೂಣ ಇಟ್ಟರೆ ಮಗುವಾಗದಿರುವ ಸಾಧ್ಯತೆಯೇ ಹೆಚ್ಚು. ಕಳೆದುಕೊಂಡ ನೋವು ಹಸಿಯಾಗಿರುವಾಗ ಇದನ್ನು ಹೊತ್ತುಕೊಳ್ಳುವ ಶಕ್ತಿ ನಿನಗಿದೆಯೇ ಎಂಬುದನ್ನು ನೀನು ಮಾತ್ರ ಹೇಳಬಲ್ಲೆ. ಇದೆ ಎಂದರೆ ಆಯಿತು. ನನ್ನ ಆರು ತಿಂಗಳಿಗಿಂತ ನಿನ್ನ ಮಾತು ದೊಡ್ಡದು.

ನಡುವೆ ಮೆಟ್ಟಿಲುಗಳೂ ಇವೆ. ಅಂಡ ಬಿಡುಗಡೆ ಸರಿಯಿಲ್ಲದಿದ್ದರೆ ಲೆಟ್ರೊಜೋಲ್ ಮಾತ್ರೆ, ಅದರ ಮೇಲೆ ಐಯುಐ, ಅಂದರೆ ವೀರ್ಯಾಣುಗಳನ್ನು ನೇರವಾಗಿ ಗರ್ಭಕೋಶದೊಳಗೆ ಬಿಡುವುದು. ಅವನ್ನೇಕೆ ಬಿಟ್ಟಿರಿ ಎಂದು ಕ್ಲಿನಿಕ್ಕಿನವರನ್ನು ಕೇಳು. ಕಾರಣ ಹೇಳಿದರೆ ಒಳ್ಳೆಯದು, ಕಾರಣ ಹೇಳದೆ ಪ್ಯಾಕೇಜಿನ ಹಾಳೆ ಮುಂದಿಟ್ಟರೆ ಎದ್ದು ಬಾ. ಸಂತಾನೋತ್ಪತ್ತಿಗೆ ನೆರವಾಗುವ ತಂತ್ರಜ್ಞಾನದ ಬಗೆಗಿನ 2021ರ ಕಾಯ್ದೆಯ ಪ್ರಕಾರ ಇಂಥ ಕ್ಲಿನಿಕ್ಕುಗಳು ನೋಂದಣಿಯಾಗಿರಬೇಕು. ಫಲಿಸುವ ಸಾಧ್ಯತೆ, ಅಡ್ಡಪರಿಣಾಮ, ಖರ್ಚು ಎಲ್ಲವನ್ನೂ ಕೂರಿಸಿ ವಿವರಿಸಬೇಕು, ಲಿಖಿತ ಒಪ್ಪಿಗೆ ಪಡೆಯಬೇಕು. ಸಾಲದ ಕಂತಿಗೆ ಅಲ್ಲೇ ಸಹಿ ಹಾಕಬೇಡಿ. ಹಣ ಬೇಕಾದರೆ ಸಾಲಗಾಮೆ ರಸ್ತೆಯ ನಿವೇಶನ ಇದೆ, ಅಪ್ಪ ಆಗಲೇ ಇಬ್ಬರನ್ನು ವಿಚಾರಿಸಿ ಬಂದಿದ್ದಾರೆ. ಅದು ನಿಮ್ಮ ತಲೆಬಿಸಿಯಲ್ಲ.

ಆರು ತಿಂಗಳೆಂದರೆ ಹಾಸನಾಂಬೆಯ ಬಾಗಿಲು ತೆರೆಯುವ ಹೊತ್ತು, ಆಶ್ವಯುಜ ಹುಣ್ಣಿಮೆ ಕಳೆದ ಗುರುವಾರ. ಬೀಗಿತ್ತಿಯವರು ಹರಕೆ ಹೊತ್ತಿದ್ದಾರೆ, ಹೇಗೂ ಬರುತ್ತೀರಿ. ಅಷ್ಟರಲ್ಲಿ ಆಗದಿದ್ದರೆ ದರ್ಶನ ಮುಗಿಸಿಕೊಂಡು ಹೋಗಿ ಚಿಕಿತ್ಸೆ ಶುರು ಮಾಡಿ. ಗಡುವನ್ನು ಇನ್ನೊಂದು ವರ್ಷ ಎಳೆಯಬೇಡಿ. ಅಳಿಯಂದಿರಿಂದ ಈ ಮಾತು ಈಗಲೇ ತೆಗೆದುಕೋ.

ನಾಲ್ಕೇ ದಿನಕ್ಕೆ ಕೆಲಸಕ್ಕೆ ಹೋದೆಯಲ್ಲ, ಅದು ನನಗೆ ಬೇಸರ. ಬಸಿರು ನಿಲ್ಲದೆ ಹೋದವರಿಗೆ ಆರು ವಾರ ಸಂಬಳಸಹಿತ ರಜೆ 1961ರ ಹೆರಿಗೆ ಸೌಲಭ್ಯ ಕಾಯ್ದೆಯ ಕಾಲದಿಂದಲೂ ಇರುವ ಹಕ್ಕು. ವೈದ್ಯರ ಪತ್ರ ಇಟ್ಟು ಕೇಳು. ಉಳಿದ ವಾರಗಳು ಸಿಕ್ಕರೆ ಇಲ್ಲಿಗೆ ಬಾ, ರೈಲಿನಲ್ಲಿ ಬಂದರೆ ಅಪ್ಪ ಸ್ಟೇಷನ್ನಿಗೆ ಬರುತ್ತಾರೆ. ನಿನ್ನ ಚಿಕ್ಕಮ್ಮನನ್ನು ನಾನು ನೋಡಿಕೊಳ್ಳುತ್ತೇನೆ.

ಅಳಿಯಂದಿರಿಗೆ ಕೊನೆಯದಾಗಿ ಒಂದು: ವೀರ್ಯ ಪರೀಕ್ಷೆಗೆ ಮೊದಲು ಎರಡರಿಂದ ಏಳು ದಿನ ವೀರ್ಯ ಹೊರಹೋಗದಂತೆ ಬಿಡುವು ಇರಬೇಕು. ಮನೆಯಲ್ಲೇ ಸಂಗ್ರಹಿಸುವುದಾದರೆ ಡಬ್ಬಿಯನ್ನು ಒಳಜೇಬಿನಲ್ಲಿ ಮೈಗೆ ತಾಗುವಂತೆ ಇಟ್ಟುಕೊಂಡು ಒಂದು ಗಂಟೆಯೊಳಗೆ ತಲುಪಿಸಬೇಕು. ಬೆಂಗಳೂರಿನ ಸಂಚಾರದಲ್ಲಿ ಅದಾಗದ ಮಾತು, ಪ್ರಯೋಗಾಲಯದಲ್ಲೇ ಕೋಣೆ ಇರುತ್ತದೆ, ಅಲ್ಲೇ ಕೊಡಲಿ. ಅವರೇ ಹೋಗಲಿ, ಅವರ ಹೆಸರನ್ನೇ ಬರೆಸಲಿ.

ಇಂತಿ,
ನಿನ್ನ ಅಮ್ಮ